ಶಾಖೆಯ ಸುದ್ದಿಪತ್ರ ಬರೆಯಬೇಕಾ? ಶಾಲು, ಹಾರ ಬಿಟ್ಟು ಶುರು ಮಾಡಿ

ರಕ್ತ ಪರೀಕ್ಷೆಯ ಲ್ಯಾಬ್ ಮ್ಯಾನೇಜರ್‌ಗಳ ಸಂಘಕ್ಕೆ ಒಂದು ಜಿಲ್ಲಾ ಶಾಖೆ ಆಯ್ತು ಅಂದ್ರೆ ಮುಂದಿನ ಮೀಟಿಂಗಲ್ಲೇ ಯಾರಾದರೂ ಎದ್ದು ನಿಂತು "ನಮ್ಮದೊಂದು ಸುದ್ದಿಪತ್ರ ಬೇಕು" ಅನ್ನುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕೆಲಸ ಮಾತ್ರ ಅವತ್ತು ಮೀಟಿಂಗಿಗೆ ಬರದೇ ಇದ್ದವರ ತಲೆಗೆ ಬೀಳುತ್ತದೆ. ನನಗೆ ಬಿದ್ದಿದ್ದು ಹಾಗೇ.

ಮೊದಲ ಸಂಚಿಕೆ ನಾನು ಬಹಳ ಹೆಮ್ಮೆಯಿಂದ ಮಾಡಿದ್ದೆ. ಅಧ್ಯಕ್ಷರ ಸಂದೇಶ, ಕಾರ್ಯದರ್ಶಿಗಳ ಸಂದೇಶ, ದೀಪ ಹಚ್ಚುವ ಫೋಟೋ, ಶಾಲು ಹೊದಿಸುವ ಫೋಟೋ, ಶಾಲು ಹೊದ್ದವರು ಇನ್ನೊಬ್ಬರಿಗೆ ಶಾಲು ಹೊದಿಸುವ ಫೋಟೋ. ಎಂಟು ಪುಟ. ಹಿರಿಯ ಸದಸ್ಯರೊಬ್ಬರು ಫೋನ್ ಮಾಡಿ, "ಚೆನ್ನಾಗಿದೆ ಮೇಡಂ, ಆದ್ರೆ ಇದನ್ನ ಓದಿ ಸೋಮವಾರ ನಾನು ಲ್ಯಾಬಲ್ಲಿ ಏನು ಬದಲಾಯಿಸ್ಲಿ?" ಅಂದರು. ಬೇಜಾರಾಯ್ತು, ಸುಳ್ಳು ಹೇಳಲ್ಲ. ಆದರೆ ಅಲ್ಲಿಂದ ಮುಂದೆ ಒಂದು ಸುದ್ದಿ ಹಾಕಬೇಕಾ ಬೇಡವಾ ಅಂತ ತೀರ್ಮಾನ ಮಾಡೋಕೆ ನನಗೆ ಬೇರೆ ಅಳತೆಗೋಲು ಬೇಕಾಗಿಲ್ಲ. ನಿಮ್ಮ ಊರಿನ ಶಾಖೆಗೂ ಈ ಕೆಲಸ ಬಂದಿದ್ದರೆ, ನಾನು ಈಗ ಮಾಡುವ ರೀತಿ ಹೀಗಿದೆ.

ಸುದ್ದಿ ಕೇಳೋದು

"ಸದಸ್ಯರು ತಮ್ಮ ಲೇಖನಗಳನ್ನು ಕಳುಹಿಸಬೇಕಾಗಿ ವಿನಂತಿ" ಅಂತ ಗ್ರೂಪಲ್ಲಿ ಹಾಕಿದರೆ ಹನ್ನೆರಡು ಕೈಮುಗಿಯುವ ಇಮೋಜಿ ಬರುತ್ತವೆ, ಲೇಖನ ಬರಲ್ಲ. ನೀವೇ ಫೋನ್ ಮಾಡಬೇಕು. ಬೆಳಿಗ್ಗೆ ಮಾತ್ರ ಮಾಡಬೇಡಿ, ಫಾಸ್ಟಿಂಗ್ ಸ್ಯಾಂಪಲ್‌ಗಳ ನೂಕುನುಗ್ಗಲಲ್ಲಿ ಯಾರೂ ಮಾತಾಡುವ ಸ್ಥಿತಿಯಲ್ಲಿ ಇರಲ್ಲ. ಮಧ್ಯಾಹ್ನ ಮೂರರ ಮೇಲೆ, ಬೆಳಗಿನ ರಿಪೋರ್ಟ್‌ಗಳೆಲ್ಲ ಹೋದಮೇಲೆ ಮಾಡಿ.

"ಏನಾದ್ರೂ ಸುದ್ದಿ ಇದೆಯಾ ಸರ್" ಅಂತ ಕೇಳಿದರೆ "ಎಲ್ಲಾ ಚೆನ್ನಾಗಿದೆ" ಅನ್ನುತ್ತಾರೆ, ಫೋನ್ ಮುಗಿಯುತ್ತದೆ. ಬಿಡಿಬಿಡಿಯಾಗಿ ಕೇಳಿ. ಈ ತಿಂಗಳು ಯಾವುದಾದರೂ ರಿಪೋರ್ಟ್ ವಾಪಸ್ ತರಿಸಿಕೊಂಡ್ರಾ? ಯಾವ ಕಂಟ್ರೋಲ್ (ಯಂತ್ರ ಸರಿ ಇದೆಯಾ ನೋಡೋಕೆ ಓಡಿಸುವ, ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್) ಎರಡು ದಿನ ಸತತ ಒಂದೇ ಕಡೆ 2 ಎಸ್‌ಡಿ (ಸರಾಸರಿಯಿಂದ ಎಷ್ಟು ಸರಿದಿದೆ ಅನ್ನೋ ಅಳತೆ) ದಾಟಿತು? ಹೊರಗಿನ ಗುಣಮಟ್ಟ ಪರೀಕ್ಷೆಯಲ್ಲಿ ಯಾವುದರ ಝಡ್ ಸ್ಕೋರ್ (ನಮ್ಮ ಉತ್ತರ ಸರಿಯಾದದ್ದರಿಂದ ಎಷ್ಟು ದೂರ ಅನ್ನೋ ಅಂಕಿ) 2 ದಾಟಿತು? 2ರಿಂದ 3ರ ಮಧ್ಯೆ ಇದ್ದರೆ ಎಚ್ಚರಿಕೆ, 3 ಮುಟ್ಟಿದರೆ ಫೇಲ್ ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ಆಮೇಲೆ ಏನು ಮಾಡಿದ್ರಿ ಅನ್ನೋದನ್ನ ಯಾರೂ ಯಾರಿಗೂ ಹೇಳಲ್ಲ. ಅದೇ ನಿಮಗೆ ಬೇಕಾಗಿರೋ ಸುದ್ದಿ. ಅವರು ಬಾಯಿ ಬಿಡಬೇಕು ಅಂದ್ರೆ ಮೊದಲು ನಿಮ್ಮ ಲ್ಯಾಬಿನ ಒಂದು ಎಡವಟ್ಟನ್ನು ನೀವೇ ಹೇಳಿ. ಪ್ರತಿ ಸಲ ಕೆಲಸ ಮಾಡುತ್ತದೆ. ಬರೆದು ಕಳಿಸಿ ಅಂತ ಗಂಟು ಬೀಳಬೇಡಿ, ವಾಯ್ಸ್ ಮೆಸೇಜ್ ಸಾಕು, ಬರೆಯೋದು ನಿಮ್ಮ ಕೆಲಸ.

ಒಂದು ಸುದ್ದಿ ಬರೆಯೋದು

ಒಮ್ಮೆ ನನ್ನ ಕೈಗೆ ಬಂದ ಸಾಲು ಹೀಗಿತ್ತು: "ಪೊಟ್ಯಾಸಿಯಂ ಪರೀಕ್ಷೆಯಲ್ಲಿ ಕಂಡುಬಂದ ವ್ಯತ್ಯಾಸಗಳ ಕುರಿತು ಸೂಕ್ತ ಕ್ರಮ ಕೈಗೊಳ್ಳಲಾಗಿದೆ." ಇಷ್ಟೇ. ಇದನ್ನ ಓದಿ ಯಾರಿಗೆ ಏನು ಸಿಕ್ಕಿತು?

ಫೋನ್ ಮಾಡಿ ಕೂತು ಕೇಳಿದೆ. ಎಲ್ಲ ರೋಗಿಗಳಲ್ಲೂ ಜಾಸ್ತಿ ಬಂತಾ? ಇಲ್ಲ, ಒಂದೇ ಕಲೆಕ್ಷನ್ ಸೆಂಟರಿನಿಂದ ಬಂದವರಲ್ಲಿ ಮಾತ್ರ. ಕಂಟ್ರೋಲ್? ಸರಿಯಾಗಿತ್ತು. ರಕ್ತದ ಕಣ ಒಡೆದು ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಕೆಂಪಾಗಿತ್ತಾ? ಅದೇ ವಿಚಿತ್ರ, ಸೀರಮ್ ತಿಳಿ ಹಳದಿ, ನೋಡೋಕೆ ಚೊಕ್ಕ. ಸೋಡಿಯಂ, ಕ್ರಿಯಾಟಿನಿನ್ ಎಲ್ಲ ಸರಿ, ಪೊಟ್ಯಾಸಿಯಂ ಮಾತ್ರ 6ರ ಮೇಲೆ. ಕಾಲು ಊದಿಲ್ಲ, ಸುಸ್ತಿಲ್ಲ, ಇಸಿಜಿ ಸರಿ ಇದೆ, ಯಾಕ್ರೀ ಹಿಂಗೆ ಅಂತ ಡಾಕ್ಟರ್ ಒಬ್ಬರು ಕೇಳಿದಾಗಲೇ ಇವರಿಗೆ ಅನುಮಾನ ಬಂದಿದ್ದು. ಸೆಂಟರಿಗೇ ಹೋಗಿ ನೋಡಿದರೆ ಹೊಸದಾಗಿ ಸೇರಿದ ಹುಡುಗ ರಕ್ತ ತೆಗೆದ ಪ್ಲೇನ್ ಟ್ಯೂಬ್‌ಗಳನ್ನು ಸೆಂಟ್ರಿಫ್ಯೂಜ್ ಮಾಡದೇ (ಯಂತ್ರದಲ್ಲಿ ಗಿರಗಿರ ತಿರುಗಿಸಿ ಕಣ, ಸೀರಮ್ ಬೇರ್ಪಡಿಸದೇ) ಹಾಗೇ ಫ್ರಿಜ್ಜಲ್ಲಿ ಇಟ್ಟು ಸಂಜೆ ಗಾಡಿಗೆ ಕೊಡುತ್ತಿದ್ದ. ಕೆಡಬಾರದು ಅಂತ ಒಳ್ಳೇ ಮನಸ್ಸಿಂದಲೇ.

ಸಂಚಿಕೆಯಲ್ಲಿ ಕೊನೆಗೆ ಬಂದಿದ್ದು ಇದು:

"ಒಂದೇ ಸೆಂಟರಿನ ಸ್ಯಾಂಪಲ್‌ಗಳಲ್ಲಿ ಪೊಟ್ಯಾಸಿಯಂ ಜಾಸ್ತಿ ಬರುತ್ತಿದ್ದರೆ, ಕಂಟ್ರೋಲ್ ಸರಿ ಇದ್ದರೆ, ಸೀರಮ್ ಕೆಂಪಾಗಿಲ್ಲದಿದ್ದರೆ ಅಲ್ಲಿನ ಫ್ರಿಜ್ ತೆಗೆದು ನೋಡಿ. ಬೇರ್ಪಡಿಸದ ರಕ್ತವನ್ನು ತಣ್ಣಗೆ ಇಟ್ಟರೆ ಕೆಂಪು ಕಣಗಳ ಸೋಡಿಯಂ-ಪೊಟ್ಯಾಸಿಯಂ ಪಂಪ್ ನಿಧಾನವಾಗುತ್ತದೆ. ಕಣ ಒಡೆಯದಿದ್ದರೂ ಒಳಗಿನ ಪೊಟ್ಯಾಸಿಯಂ ಸೋರಿ ಸೀರಮ್‌ಗೆ ಬರುತ್ತದೆ. ಸದಸ್ಯರೊಬ್ಬರು ಆ ಸೆಂಟರಿಗೆ ಒಂದು ಚಿಕ್ಕ ಸೆಂಟ್ರಿಫ್ಯೂಜ್ ಕೊಟ್ಟಿದ್ದಾರೆ. ಬೇರ್ಪಡಿಸಿದ ಮೇಲಷ್ಟೇ ಫ್ರಿಜ್ ಅಂತ ಬಾಗಿಲ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಿದ್ದಾರೆ."

ಇಲ್ಲಿ ನಾಲ್ಕು ಸಂಗತಿ ಇವೆ. ಏನಾಯ್ತು, ಹೇಗೆ ಗೊತ್ತಾಯ್ತು, ಯಾಕಾಯ್ತು, ಏನು ಬದಲಾಯಿಸಿದರು. ಜನ ಮೊದಲನೆಯದನ್ನೂ ಕೊನೆಯದನ್ನೂ ಹೇಳುತ್ತಾರೆ, ಎರಡನೆಯದನ್ನ ಮರೆಯುತ್ತಾರೆ. ನನ್ನ ಪ್ರಕಾರ ಎರಡನೆಯದೇ ಮುಖ್ಯ, ಯಾಕೆಂದರೆ ಓದುವವರ ಲ್ಯಾಬಲ್ಲಿ ಅದೇ ತಪ್ಪು ಈಗಾಗಲೇ ನಡೀತಿದ್ದರೆ ಅವರು ಅದನ್ನ ಹಿಡಿಯಬೇಕಾಗಿರೋದು ಅದೇ ಜಾಡಿನಲ್ಲಿ.

ಈ ಸುದ್ದಿ ಬಂದ ವಾರ ಇನ್ನೊಬ್ಬರು ಫೋನ್ ಮಾಡಿ, ತಮ್ಮಲ್ಲೂ ಪೊಟ್ಯಾಸಿಯಂ ಜಾಸ್ತಿ, ಆದರೆ ಜೊತೆಗೆ ಕ್ಯಾಲ್ಸಿಯಂ ಪಾತಾಳಕ್ಕೆ ಇಳಿದಿದೆ ಅಂದರು. ಅದು ಫ್ರಿಜ್ ಅಲ್ಲ. ಪರ್ಪಲ್ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿನ ರಕ್ತವನ್ನ ಯಾರೋ ಪ್ಲೇನ್ ಟ್ಯೂಬಿಗೆ ಸುರಿದಿದ್ದಾರೆ. ಆ ಟ್ಯೂಬಲ್ಲಿರೋದು ಇಡಿಟಿಎಯ ಪೊಟ್ಯಾಸಿಯಂ ಲವಣ. ಅದು ಪೊಟ್ಯಾಸಿಯಂ ಏರಿಸುತ್ತದೆ, ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಮುಂದಿನ ಸಂಚಿಕೆಯ ಮೊದಲ ಸುದ್ದಿ ಕೇಳದೇ ಸಿಕ್ಕಿತು.

ಹೆಸರು

ರೋಗಿಯ ಹೆಸರು ಹಾಕಬಾರದು ಅಂತ ಹೇಳೋದೇ ಬೇಡ. ಆದರೆ ಫೋಟೋ ಮರೆಯುತ್ತೇವೆ. ಅನಲೈಸರ್ ಪರದೆಯ ಫೋಟೋ ಕಳಿಸುತ್ತಾರೆ, ಮೂಲೆಯಲ್ಲಿ ಸ್ಯಾಂಪಲ್ ಐಡಿ, ವಯಸ್ಸು, ಊರು ಎಲ್ಲ ಇರುತ್ತದೆ. ಕತ್ತರಿಸಿ. "ತಾಲೂಕಿನ ಏಕೈಕ ಡಯಾಲಿಸಿಸ್ ಕೇಂದ್ರ" ಅಂತ ಬರೆದರೂ ಹೆಸರು ಹೇಳಿದ ಹಾಗೇ ಅಲ್ವಾ? ಲ್ಯಾಬಿನ ಹೆಸರು ಅವರಾಗಿ ಹಾಕಿ ಅಂದರೂ ನಾನು ಹಾಕಲ್ಲ. ಇವತ್ತು ಹಾಕಿ ಅನ್ನುತ್ತಾರೆ, ನಾಳೆ ಅವರ ಮಾಲೀಕರು ಓದುತ್ತಾರೆ.

"ಟೆಕ್ನಿಷಿಯನ್ ನಿರ್ಲಕ್ಷ್ಯದಿಂದ" ಅನ್ನೋ ಪದ ನಮ್ಮ ಪತ್ರದಲ್ಲಿ ನಿಷೇಧ. ಆ ಫ್ರಿಜ್ ಹುಡುಗನಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ನಿರ್ಲಕ್ಷ್ಯ ಅಂತ ಒಂದು ಸಲ ಬರೆದು ನೋಡಿ, ಮುಂದಿನ ತಿಂಗಳಿಂದ ನಿಮಗೆ ಒಬ್ಬರೂ ಬಾಯಿ ಬಿಡಲ್ಲ.

ಕಂಪನಿಗಳ ವಿಷಯ ಸ್ವಲ್ಪ ಸೂಕ್ಷ್ಮ. ಒಂದು ಲ್ಯಾಬಲ್ಲಿ ರೀಏಜೆಂಟ್ (ಪರೀಕ್ಷೆಗೆ ಬಳಸುವ ರಾಸಾಯನಿಕ) ಕೈ ಕೊಟ್ಟರೆ ಅದು ಸಾಗಣೆಯಲ್ಲಿ ಬಿಸಿಲಿಗೆ ಬಿದ್ದಿರಬಹುದು, ಕರೆಂಟ್ ಹೋಗಿ ಫ್ರಿಜ್ ನಿಂತಿರಬಹುದು. ಅದೇ ಲಾಟ್ (ಕಂಪನಿಯಲ್ಲಿ ಒಟ್ಟಿಗೆ ತಯಾರಾದ ಕಂತು) ಬಳಸುವ ಇನ್ನೂ ಮೂರು ಕಡೆ ಕೇಳಿ. ಕಂಪನಿಯವರೇ ಬರಹದಲ್ಲಿ ಸೂಚನೆ ಕೊಟ್ಟರೆ ಮಾತ್ರ ಹೆಸರು, ಲಾಟ್ ನಂಬರ್ ಸಮೇತ ಹಾಕಿ. ಇಲ್ಲದಿದ್ದರೆ "ಹೊಸ ಲಾಟ್ ಬಂದಾಗ ಹಳೇದರ ಜೊತೆ ಕೆಲವು ಸ್ಯಾಂಪಲ್ ಓಡಿಸಿ ಹೋಲಿಸಿ" ಅಂತ ಬರೆದರೆ ಸಾಕು.

ನಿಯಮ, ಮಾನ್ಯತೆ

ಇದು ವಾಟ್ಸಾಪ್ ಫಾರ್ವರ್ಡ್‌ಗಳ ಸಾಮ್ರಾಜ್ಯ. ವೈದ್ಯಕೀಯ ಲ್ಯಾಬ್‌ಗಳ ಗುಣಮಟ್ಟದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 15189ರ ಹೊಸ ಆವೃತ್ತಿ 2022ರ ಡಿಸೆಂಬರಿನಲ್ಲಿ ಬಂದಾಗ "ಎಲ್ಲಾ ಮ್ಯಾನ್ಯುಯಲ್ ಎಸೆದು ಹೊಸದಾಗಿ ಬರೀಬೇಕಂತೆ" ಅಂತ ಓಡಾಡಿತ್ತು. ಬದಲಾಯಿಸಿಕೊಳ್ಳೋಕೆ ಮೂರು ವರ್ಷ ಕೊಟ್ಟಿದ್ದರು ಅನ್ನೋದು ಮಾತ್ರ ಯಾರ ಫಾರ್ವರ್ಡಲ್ಲೂ ಇರಲಿಲ್ಲ. ಮೂಲ ದಾಖಲೆ ತೆಗೆದು ನೋಡದೇ ಏನೂ ಹಾಕಬೇಡಿ. ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಸಂಸ್ಥೆಯ ದಾಖಲೆಯಾದರೆ ಅದರ ನಂಬರ್, ಬಿಡುಗಡೆಯ ದಿನಾಂಕ, ತಿದ್ದುಪಡಿ ಆಗಿದ್ದರೆ ಅದೂ ಇರಲಿ.

ಆಮೇಲೆ ಅದನ್ನ ಬೆಂಚಿನ ಭಾಷೆಗೆ ಇಳಿಸಿ. "ಪಾಯಿಂಟ್ ಆಫ್ ಕೇರ್ ಪರೀಕ್ಷೆಯ ಅಗತ್ಯಗಳನ್ನು ಮಾನದಂಡದಲ್ಲಿ ಅಳವಡಿಸಲಾಗಿದೆ" ಅಂದರೆ ಯಾರಿಗೂ ಏನೂ ಅನಿಸಲ್ಲ. "ರೋಗಿಯ ಪಕ್ಕದಲ್ಲೇ ಮಾಡುವ ಪರೀಕ್ಷೆಗೆ ಮೊದಲು ಐಎಸ್‌ಒ 22870 ಅಂತ ಬೇರೆ ಇತ್ತು, ಈಗ ಇದರೊಳಗೇ ಬಂದಿದೆ, ಹಾಗಾಗಿ ನಿಮ್ಮ ಆಸ್ಪತ್ರೆಯ ವಾರ್ಡುಗಳಲ್ಲಿ ಎಷ್ಟು ಗ್ಲುಕೋಮೀಟರ್ ಇವೆ, ಅವನ್ನ ಯಾರು ನೋಡಿಕೊಳ್ಳುತ್ತಾರೆ ಅಂತ ಒಂದು ಸುತ್ತು ಹೋಗಿ ಎಣಿಸಿ ಬನ್ನಿ" ಅಂತ ಬರೆದರೆ ಎದ್ದು ಹೋಗುತ್ತಾರೆ. ಕಸದ ವಿಷಯವೂ ಅಷ್ಟೇ. ರಕ್ತ ಹತ್ತಿದ ಹತ್ತಿಯಂಥ ಹಳದಿ ಚೀಲದ ಕಸವನ್ನು ಸಂಸ್ಕರಿಸದೇ 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳಬಾರದು ಅಂತ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಹೇಳುತ್ತದೆ. ನಾನು ಬರೆದಿದ್ದು, "ಶನಿವಾರ ಬೆಳಿಗ್ಗೆ ಗಾಡಿ ಬರಲಿಲ್ಲ ಅಂದ್ರೆ ಸೋಮವಾರ ಬೆಳಿಗ್ಗೆಗೆ ಗಡುವು ಮುಗಿಯಿತು, ಕಾರಣ ಬರೆದು ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿ" ಅಂತ.

ಕಾರ್ಯಕ್ರಮದ ವರದಿ

"ಕಾರ್ಯಕ್ರಮ ಯಶಸ್ವಿಯಾಗಿ ನೆರವೇರಿತು." ಯಶಸ್ವಿಯಾಗಿ ನೆರವೇರದ ಕಾರ್ಯಕ್ರಮ ನಾನಂತೂ ಎಲ್ಲೂ ಓದಿಲ್ಲ. ಯಾರು ಸ್ವಾಗತಿಸಿದರು, ಯಾರು ವಂದಿಸಿದರು ಅನ್ನೋದಕ್ಕೆ ಒಂದು ಸಾಲು ಕೊಡಿ, ಇಲ್ಲದಿದ್ದರೆ ಜಗಳ ಆಗುತ್ತದೆ. ಉಳಿದ ಜಾಗವನ್ನೆಲ್ಲ ಸಭೆಯಿಂದ ಬಂದ ಒಂದು ಒಳ್ಳೇ ಪ್ರಶ್ನೆಗೆ ಕೊಡಿ. ನಮ್ಮಲ್ಲಿ ಹಿಂದಿನ ಸಾಲಲ್ಲಿ ಕೂತ ಹುಡುಗಿಯೊಬ್ಬಳು, "ಗ್ರೇ ಟ್ಯೂಬಿಗೆ ಹಾಕಿದ್ರೂ ಶುಗರ್ ಇಳಿಯುತ್ತಲ್ಲ ಸರ್, ಯಾಕೆ?" ಅಂದಳು. ಉತ್ತರ ಇಷ್ಟು: ಸಾಮಾನ್ಯ ಟ್ಯೂಬಲ್ಲಿ ಬೇರ್ಪಡಿಸದ ರಕ್ತದ ಗ್ಲೂಕೋಸ್ ಕೋಣೆಯ ತಾಪಮಾನದಲ್ಲಿ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಇಳಿಯುತ್ತದೆ. ಗ್ರೇ ಟ್ಯೂಬಲ್ಲಿರುವ ಫ್ಲೋರೈಡ್ ತಡೆಯೋದು ಇನೊಲೇಸ್ ಅನ್ನೋ ಕಿಣ್ವವನ್ನ, ಅದು ಗ್ಲೂಕೋಸ್ ಒಡೆಯುವ ಸರಪಳಿಯ ಕೊನೆಯ ಕಡೆ ಇದೆ. ಹಾಗಾಗಿ ಮೊದಲ ಒಂದೆರಡು ಗಂಟೆ ಕಣಗಳು ತಿನ್ನುತ್ತಲೇ ಇರುತ್ತವೆ. ಗ್ರೇ ಟ್ಯೂಬ್ ಅಂತ ನಿರಾಳವಾಗಿ ಕೂರಬೇಡಿ, ಬೇಗ ಬೇರ್ಪಡಿಸಿ. ಆ ಸಂಚಿಕೆಯಲ್ಲಿ ಭಾಷಣಕಾರರ ಫೋಟೋ ಹಾಕಲಿಲ್ಲ. ಪಾಪ, ಅವರು ಇವತ್ತಿಗೂ ನೆನಪಿಸುತ್ತಾರೆ.

ಟೈಪಿಂಗ್, ತಿದ್ದುಪಡಿ

ಯೂನಿಕೋಡಲ್ಲೇ ಟೈಪ್ ಮಾಡಿ. ಹಳೇ ನುಡಿ ಫಾಂಟಲ್ಲಿ ಬಂದ ಬರಹವನ್ನ ಹಾಗೇ ಅಂಟಿಸಿದರೆ ಮೊಬೈಲಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ, ಕನ್ವರ್ಟ್ ಮಾಡಿದರೂ ಒತ್ತಕ್ಷರ ಒಂದೊಂದು ಸಲ ಹಾರಿಹೋಗುತ್ತದೆ. ಎರಡು ಪುಟ ಸಾಕು, ಅಕ್ಷರ ದೊಡ್ಡದಿರಲಿ. ಸೀರಮ್‌ಗೆ ರಕ್ತಸಾರ ಅಂತೆಲ್ಲ ಬರೆಯೋಕೆ ಹೋಗಬೇಡಿ, ಲ್ಯಾಬಲ್ಲಿ ಏನು ಅನ್ನುತ್ತೀರೋ ಅದೇ ಇರಲಿ.

ಕಾಗುಣಿತ ತಪ್ಪಾದರೆ ಜನ ನಗುತ್ತಾರೆ ಅಷ್ಟೇ. ಅಂಕಿ ತಪ್ಪಬಾರದು. ದಶಮಾಂಶ ಚುಕ್ಕಿ, ಘಟಕ, ಪ್ರಮಾಣ, ಈ ಮೂರನ್ನ ಇನ್ನೊಬ್ಬರ ಹತ್ತಿರ ಜೋರಾಗಿ ಓದಿಸಿ. ನಾನು ಒಮ್ಮೆ ಸೋಂಕು ತೊಡೆಯೋಕೆ ಬಳಸುವ 5 ಶೇಕಡಾ ಹೈಪೋಕ್ಲೋರೈಟನ್ನ 1 ಶೇಕಡಾ ಮಾಡೋಕೆ "1:5" ಅಂತ ಹಾಕಿಬಿಟ್ಟೆ. ಅರ್ಧ ಜನ ಒಟ್ಟು ಐದು ಭಾಗ ಅಂತ ಓದಿದರು, ಇನ್ನರ್ಧ ಜನ ಒಂದಕ್ಕೆ ಐದು ಭಾಗ ನೀರು ಸುರಿದರು. ಸರಿಯಾದದ್ದು ಒಂದು ಭಾಗ ಹೈಪೋ, ನಾಲ್ಕು ಭಾಗ ನೀರು. ಅವತ್ತೇ ಗ್ರೂಪಲ್ಲಿ ಹಾಕಿ, ಮುಂದಿನ ಸಂಚಿಕೆಯಲ್ಲಿ ಮೊದಲ ಪುಟದ ತಲೆ ಮೇಲೆ, ಅಧ್ಯಕ್ಷರ ಸಂದೇಶಕ್ಕಿಂತ ಮೇಲೆ, "ಕಳೆದ ಸಲ ನಾವು ತಪ್ಪು ಬರೆದಿದ್ದೆವು" ಅಂತ ದೊಡ್ಡದಾಗಿ ಹಾಕಿದೆ. ಅಧ್ಯಕ್ಷರಿಗೆ ಸ್ವಲ್ಪ ಮುಖ ಸಣ್ಣಗಾಯ್ತು. ಆದರೆ ಕೊನೆಯ ಪುಟದ ಮೂಲೆಯಲ್ಲಿ ಹಾಕಿದ ತಿದ್ದುಪಡಿಯನ್ನ ಯಾರು ಓದುತ್ತಾರೆ?

ಕಳಿಸೋದು ಶನಿವಾರ ಸಂಜೆ. ಭಾನುವಾರ ಕಾಫಿ ಕುಡೀತಾ ಓದಿಕೊಳ್ಳುತ್ತಾರೆ. ಸೋಮವಾರ ಬೆಳಿಗ್ಗೆ ಕಳಿಸಿದರೆ ಫಾಸ್ಟಿಂಗ್ ಸ್ಯಾಂಪಲ್‌ಗಳ ಗದ್ದಲದಲ್ಲಿ ಅದು ಗುಡ್ ಮಾರ್ನಿಂಗ್ ಫೋಟೋಗಳ ಕೆಳಗೆ ಹೋಗುತ್ತದೆ.