ಮೊದಲು ಬೂಟು, ಆಮೇಲೆ ತೂಕ, ಕೊನೆಗೆ ಸ್ನೋಬೋರ್ಡು

ಕಲಬುರಗಿ, ಬೀದರ ಕಡೆಯ ಮಂದಿ ಕಾಶ್ಮೀರದ ಗುಲ್ಮಾರ್ಗ್‌ಗೆ ಸ್ನೋಬೋರ್ಡ್ (ಎರಡೂ ಕಾಲು ಕಟ್ಟಿಕೊಂಡು ಹಿಮದ ಮೇಲೆ ಜಾರುವ ಹಲಗೆ) ಕಲಿಯಲು ಹೊರಟಾಗ ಮೊದಲು ಕೇಳುವುದೇ "ಯಾವ ಬೋರ್ಡ್ ತಗೋಬೇಕ್ರಿ?" ಅಂತ. ನಾನು ಬೋರ್ಡಿನಿಂದ ಶುರು ಮಾಡುವುದೇ ಇಲ್ಲ. ಬೋರ್ಡನ್ನು ತಿರುಗಿಸುವುದು ಕಾಲ್ಬೆರಳು ಮತ್ತು ಹಿಮ್ಮಡಿಯ ಒತ್ತಡ. ಬೂಟಿನೊಳಗೆ ಹಿಮ್ಮಡಿ ಮೇಲೆದ್ದರೆ ಆ ಒತ್ತಡ ಬೋರ್ಡಿನ ಉಕ್ಕಿನ ಅಂಚಿಗೆ ಮುಟ್ಟುವುದಿಲ್ಲ. ಆಗ ಎಂಥ ದುಬಾರಿ ಬೋರ್ಡ್ ಇದ್ದರೂ ಅದು ಮಾತು ಕೇಳುವುದಿಲ್ಲ.

ಪಾದದ ಅಳತೆ ಊರಲ್ಲೇ ಮುಗಿಸಿಕೊಳ್ಳಿ, ಅದೂ ಸಂಜೆ ಹೊತ್ತು, ಪಾದ ತುಸು ಊದಿರುವಾಗ. ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ಕಾಗದದ ಮೇಲೆ ನಿಂತು, ಉದ್ದದ ಬೆರಳಿನ ತುದಿಗೆ ಗೆರೆ ಎಳೆಯಿರಿ. ಎರಡೂ ಪಾದ ಅಳೆದು ದೊಡ್ಡದನ್ನು ಹಿಡಿಯಿರಿ. 27 ಸೆಂ.ಮೀ. ಬಂದರೆ ನಮ್ಮ ಅಂಗಡಿಗಳ 8 ನಂಬರಿನ ಆಸುಪಾಸು, ಅಮೆರಿಕದ ಗಂಡಸರ ಲೆಕ್ಕದಲ್ಲಿ 9. ಬಾಡಿಗೆ ಬೂಟುಗಳ ಮೇಲೆ ಎರಡೂ ಲೆಕ್ಕ ಇರುವುದರಿಂದ ಸೆಂಟಿಮೀಟರ್ ಹೇಳುವುದೇ ಕ್ಷೇಮ. ಹಾಕಿ ನೋಡುವಾಗ ಒಂದೇ ಜೊತೆ ಕಾಲುಚೀಲ ಸಾಕು. ಚಳಿಗೆ ಹೆದರಿ ಎರಡು ಜೊತೆ ಹಾಕಿದರೆ ಒಳಗೆ ಮಡಿಕೆ ಬಿದ್ದು ಕಾಲು ನೋಯುತ್ತದೆ, ರಕ್ತ ಸರಿಯಾಗಿ ಓಡದೆ ಇನ್ನಷ್ಟು ತಣ್ಣಗಾಗುತ್ತದೆ. ನೇರ ನಿಂತಾಗ ಬೆರಳು ಮುಂದಕ್ಕೆ ಹಗುರವಾಗಿ ತಾಗಬೇಕು, ಮಂಡಿ ಬಗ್ಗಿಸಿದಾಗ ತುಸು ಹಿಂದೆ ಸರಿಯಬೇಕು. ತುದಿಗಾಲಲ್ಲಿ ನಿಂತರೂ ಹಿಮ್ಮಡಿ ಏಳಬಾರದು. ಬಾಡಿಗೆ ಬೂಟಿನ ಒಳಮೆತ್ತೆ ಬಹಳ ಕಾಲು ಕಂಡು ಸಡಿಲಾಗಿರುತ್ತದೆ, ಹಾಗಾಗಿ ಅರ್ಧ ನಂಬರ್ ಚಿಕ್ಕದನ್ನೂ ಹಾಕಿ ನೋಡಿ.

ಯಾವ ಕಾಲು ಮುಂದೆ ಎಂಬುದನ್ನೂ ಮನೆಯಲ್ಲೇ ತಿಳಿಯಬಹುದು. ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ನೆಲದ ಮೇಲೆ ಕಾಲುಚೀಲ ಹಾಕಿ ಎರಡು ಹೆಜ್ಜೆ ಓಡಿ ಜಾರಿ. ತಾನಾಗಿ ಮುಂದೆ ಬಂದದ್ದೇ ಮುಂಗಾಲು. ಎಡಗಾಲಾದರೆ ರೆಗ್ಯುಲರ್, ಬಲಗಾಲಾದರೆ ಗೂಫಿ.

ಬೋರ್ಡಿನ ಉದ್ದಕ್ಕೆ "ಗದ್ದದವರೆಗೆ ಬಂದರೆ ಸಾಕು" ಎನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರು 55 ಕೆ.ಜಿ., ಇನ್ನೊಬ್ಬರು 80 ಕೆ.ಜಿ. ಇದ್ದರೆ, ಬೋರ್ಡ್ ಬಗ್ಗುವುದು ತೂಕಕ್ಕೆ, ಎತ್ತರಕ್ಕಲ್ಲ. ಕಲಿಯುವವರಿಗೆ ನಾನು ಹೇಳುವ ಅಂದಾಜು: 55ರಿಂದ 65 ಕೆ.ಜಿ.ಗೆ 145–151 ಸೆಂ.ಮೀ., 65ರಿಂದ 75ಕ್ಕೆ 150–155, 75ರಿಂದ 85ಕ್ಕೆ 154–159. ಮೊದಲ ಸಲದವರು ಚಿಕ್ಕ ಅಂಕಿಯ ಕಡೆಗೇ ಇರಲಿ.

ಇನ್ನು ಅಗಲ. ಬೂಟು ಬೋರ್ಡಿನ ಆಚೀಚೆ ಒಂದರಿಂದ ಎರಡು ಸೆಂ.ಮೀ. ಹೊರಚಾಚಿದರೆ ಪರವಾಗಿಲ್ಲ. ಅದಕ್ಕಿಂತ ಹೆಚ್ಚಾದರೆ ಬೋರ್ಡ್ ವಾಲಿದಾಗ ಬೆರಳ ತುದಿ ಹಿಮಕ್ಕೆ ಸಿಕ್ಕು ಎತ್ತಿ ಒಗೆಯುತ್ತದೆ. ಅಮೆರಿಕದ ಗಂಡಸರ ಅಳತೆ ಹತ್ತೂವರೆ ದಾಟಿದವರು 'ವೈಡ್' ಬೋರ್ಡ್ ಕೇಳಬೇಕು. ಸಣ್ಣ ಪಾದದವರಿಗೆ ಅಗಲದ ಬೋರ್ಡ್ ಕೊಟ್ಟರೂ ಕಷ್ಟವೇ. ಒಂದು ಅಂಚಿನಿಂದ ಇನ್ನೊಂದಕ್ಕೆ ತಿರುಗಿಸಲು ಭಾಳ ಬಲ ಬೇಕಾಗುತ್ತದೆ.

ಬೋರ್ಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಅದರ ಬಾಗು. ಸಮತಟ್ಟು ನೆಲದ ಮೇಲಿಟ್ಟು ಪಕ್ಕದಿಂದ ನೋಡಿ. ನಡು ಮೇಲೆದ್ದು ತುದಿಗಳ ಹತ್ತಿರ ನೆಲ ಮುಟ್ಟಿದರೆ ಅದು ಕ್ಯಾಂಬರ್. ಗಟ್ಟಿ ಹಿಮದಲ್ಲಿ ಹಿಡಿತ ಚೆನ್ನಾಗಿರುತ್ತದೆ, ಆದರೆ ಒತ್ತಡವೆಲ್ಲ ತುದಿಗಳ ಬಳಿ ಇರುವುದರಿಂದ ಇಳಿಜಾರಿನ ಕೆಳಗಡೆಗಿರುವ ಬೋರ್ಡಿನ ಅಂಚು ಥಟ್ಟನೆ ಹಿಮಕ್ಕೆ ಕಚ್ಚುತ್ತದೆ. ಕಲಿಯುವವರು ತಲೆ, ಬೆನ್ನು ಬಡಿಸಿಕೊಳ್ಳುವುದು ಹೀಗೆ. ನಡು ನೆಲ ಮುಟ್ಟಿ ತುದಿಗಳು ಎದ್ದಿದ್ದರೆ ರಾಕರ್. ಕಚ್ಚುವುದು ಕಡಿಮೆ, ಹೊಸ ಹಿಮದಲ್ಲಿ ತೇಲುತ್ತದೆ, ಆದರೆ ಬೆಳಗಿನ ಮಂಜುಗಟ್ಟಿದ ಹಾಸಿನ ಮೇಲೆ ಜಾರಿ ಅಡ್ಡ ಹೋಗುತ್ತದೆ. ಎರಡು ಕಾಲಿನ ನಡುವೆ ಚಪ್ಪಟೆ, ತುದಿಗಳಲ್ಲಿ ತುಸು ಎದ್ದದ್ದು ಸಿಕ್ಕರೆ ಅದನ್ನೇ ಹಿಡಿಯಿರಿ. ಜೊತೆಗೆ ಆಲ್-ಮೌಂಟನ್ (ಎಲ್ಲ ಬಗೆಯ ಇಳಿಜಾರಿಗೂ ಆಗುವ) ಜಾತಿಯದು, ಎರಡೂ ತುದಿ ಒಂದೇ ಆಕಾರದ್ದು, ಬಿರುಸಿನ ಅಳತೆಯಲ್ಲಿ ಹತ್ತಕ್ಕೆ ಮೂರು-ನಾಲ್ಕು ಇರುವಂಥದ್ದು ಇರಲಿ. ಬಿರುಸು ಬೋರ್ಡ್ ವೇಗದಲ್ಲಷ್ಟೇ ಬಗ್ಗುತ್ತದೆ, ಕಲಿಯುವವರ ಹತ್ತಿರ ಆ ವೇಗ ಇರುವುದಿಲ್ಲ.

ಅಗಲ ಮೂತಿಯ ಪೌಡರ್ ಬೋರ್ಡ್ ಗುಲ್ಮಾರ್ಗಿನ ಅಫರ್ವಾಟ್ ಪರ್ವತದ ಮೇಲಿನ ಆಳದ ಹಿಮಕ್ಕೆ. ಗೊಂಡೋಲಾ ಎಂಬ ರೋಪ್‌ವೇಯ ಎರಡನೇ ಹಂತ ಹತ್ತಿರ ಹತ್ತಿರ 3,980 ಮೀಟರಿಗೆ ಒಯ್ಯುತ್ತದೆ. ಅಲ್ಲಿಂದ ಹದ ಮಾಡಿದ ದಾರಿ ಬಿಟ್ಟ ಇಳಿಜಾರಿಗೆ ಹಿಮಕುಸಿತದಡಿ ಸಿಕ್ಕವರನ್ನು ಪತ್ತೆ ಮಾಡುವ ಸಂಕೇತ ಯಂತ್ರ, ಹಿಮ ಚುಚ್ಚಿ ಹುಡುಕುವ ಉದ್ದ ಕಡ್ಡಿ, ಸಲಿಕೆ, ಅನುಭವಿ ಮಾರ್ಗದರ್ಶಿ ಇಲ್ಲದೆ ಇಳಿಯಕೂಡದು. 2023ರ ಫೆಬ್ರವರಿಯಲ್ಲಿ ಅದೇ ಪರ್ವತದಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಹಿಮಕುಸಿತಕ್ಕೆ ಬಲಿಯಾದರು. ರಜೆಗೆ ಹೋದ ಹೊಸಬರ ಜಾಗ ಕೆಳಗಿನ ಬಟ್ಟಲಿನಂಥ ಬಯಲು.

ಬಾಡಿಗೆ ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಬೋರ್ಡ್ ತಿರುವಿ ನೋಡಿ. ಅಂಚಿನ ಉಕ್ಕು ಮರದಿಂದ ಬಿಟ್ಟಿದ್ದರೆ ಬೇಡ, ಅಲ್ಲಿಂದ ನೀರು ಒಳಗಿಳಿದಿರುತ್ತದೆ. ಅಂಚಿನ ಮೇಲೆ ಉಗುರು ಅಡ್ಡ ಎಳೆದರೆ ಉಗುರಿನ ಸಣ್ಣ ಪುಡಿ ಏಳಬೇಕು, ಆಗಲೇ ಅಂಚು ಹರಿತ. ತಳ ಬಿಳಿಚಿಕೊಂಡಿದ್ದರೆ ವ್ಯಾಕ್ಸ್ (ಮೇಣ) ಹಚ್ಚಲು ಕೇಳಿ, ಇಲ್ಲದಿದ್ದರೆ ಚಪ್ಪಟೆ ಜಾಗದಲ್ಲಿ ಅಂಟಿ ನಿಲ್ಲುತ್ತದೆ. ಬೂಟನ್ನು ಬೋರ್ಡಿಗೆ ಹಿಡಿದಿಡುವ ಬೈಂಡಿಂಗ್‌ನ ನಡುವಿನ ಚಕ್ರಕ್ಕೆ ಸಾಮಾನ್ಯವಾಗಿ ನಾಲ್ಕು ಸ್ಕ್ರೂ, ಒಂದು ಕಡಿಮೆ ಇದ್ದರೂ ಒಪ್ಪಬೇಡಿ. ಬೈಂಡಿಂಗ್‌ನ ಕೋನ ಮುಂಗಾಲಿಗೆ ಹೊರಮುಖವಾಗಿ 15 ಡಿಗ್ರಿ, ಹಿಂಗಾಲಿಗೆ ಎದುರು ದಿಕ್ಕಿಗೆ 6ರಿಂದ 9, ಎರಡರ ನಡುವಿನ ಅಂತರ ಭುಜಕ್ಕಿಂತ ತುಸು ಹೆಚ್ಚು. ಹೆಲ್ಮೆಟ್ಟಿನ ಜೊತೆ ಮಣಿಕಟ್ಟಿನ ಗಾರ್ಡನ್ನೂ ಕೇಳಿ, ಹೊಸಬರು ಕೈಯೂರಿ ಬಿದ್ದು ಮುರಿದುಕೊಳ್ಳುವುದು ಅಲ್ಲೇ.

ಖರೀದಿ ಮಾಡಲೇಬೇಕೆಂದಿದ್ದರೆ ಬೂಟು ಮಾತ್ರ ಮಾಡಿ. ಬೋರ್ಡ್ ಕೊಂಡವರು ಅದನ್ನು ತಗಡಿನ ಮಾಡಿನ ಕೋಣೆಯಲ್ಲಿ ಇಡಬಾರದು, ನಮ್ಮ ಮೇ ತಿಂಗಳ ಬಿಸಿಲಿಗೆ ಪದರುಗಳ ಅಂಟು ಸಡಿಲವಾಗುತ್ತದೆ. ಪೂರ್ತಿ ಒಣಗಿಸಿ, ಅಂಚಿಗೂ ತಳಕ್ಕೂ ದಪ್ಪಗೆ ವ್ಯಾಕ್ಸ್ ಹಚ್ಚಿ, ಕೆರೆಯದೆ ಹಾಗೇ ಬಿಟ್ಟರೆ ಮಳೆಗಾಲದಲ್ಲಿ ಜಂಗು ಹಿಡಿಯುವುದಿಲ್ಲ.