ನಿಮ್ಮ ಪ್ರಬಂಧವನ್ನು ಕಟಕಟೆ ಹತ್ತಿಸುವುದು ಹೇಗೆ?

ಪ್ರಬಂಧ ಸ್ಪರ್ಧೆಗೆ ತೀರ್ಪುಗಾರರಾಗಿ ಕೂತವರಿಗೆಲ್ಲ ಈ ಅನುಭವ ಆಗಿರುತ್ತದೆ. ಕಟ್ಟು ಬಿಚ್ಚಿ ಹಾಳೆ ತಿರುವುತ್ತಾ ಹೋದರೆ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳು ‘ಇಂದಿನ ಆಧುನಿಕ ಯುಗದಲ್ಲಿ’ ಎಂದೇ ಶುರುವಾಗುತ್ತವೆ. ಎರಡನೇ ಪ್ಯಾರಾದಲ್ಲಿ ಅನುಕೂಲಗಳು, ಮೂರನೇದರಲ್ಲಿ ಅನಾನುಕೂಲಗಳು. ಕೊನೆಗೆ ‘ಒಟ್ಟಿನಲ್ಲಿ ಹೇಳುವುದಾದರೆ’ ಅಂತ ಒಂದು ಜಾಣ ನುಸುಳು. ವಿಷಯ ಕೊಟ್ಟವರು ಕೇಳಿದ್ದು ‘ಬೇಕೋ, ಬೇಡವೋ’ ಎಂದು. ಹುಡುಗ ಬರೆದದ್ದು ‘ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು’ ಎಂದು.

ಅದೇ ಹುಡುಗ ಟಿವಿಯಲ್ಲಿ ಕೋರ್ಟ್ ಸೀನ್ ಬಂದರೆ ಕೈಯಲ್ಲಿನ ತುತ್ತು ಬಾಯಿಗಿಡುವುದನ್ನೂ ಮರೆಯುತ್ತಾನೆ. ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳಲ್ಲಿ ವಕೀಲ ಸಿ.ಎಸ್.ಪಿ. ಎದ್ದು ನಿಂತರೆ ನಮ್ಮ ಮನೆಯಲ್ಲಂತೂ ಕುಕ್ಕರ್ ಎಷ್ಟು ಕೂಗಿದರೂ ಯಾರೂ ಏಳುತ್ತಿರಲಿಲ್ಲ. ಒಬ್ಬ ಒಂದು ಮಾತು ಹೇಳುತ್ತಾನೆ, ಇನ್ನೊಬ್ಬ ಅದನ್ನು ಹಿಡಿದು ಎಳೆಯುತ್ತಾನೆ, ಮಾತು ನಿಂತರೆ ಗೆದ್ದ. ವಾದದ ಪ್ರಬಂಧ ಮಾಡಬೇಕಾದದ್ದೂ ಅಷ್ಟೇ. ಹಾಗಾಗಿ ಕೆಲವು ವರ್ಷಗಳಿಂದ ನಾನು ಪ್ರಬಂಧ ಪಾಠವನ್ನು ಕೋರ್ಟ್ ಸಿನಿಮಾದಿಂದಲೇ ಶುರು ಮಾಡುತ್ತೇನೆ.

ಸಿನಿಮಾದಿಂದ ಏನನ್ನು ಕಲಿಯಬಾರದು ಎಂದು ಮೊದಲು ಹೇಳಿಬಿಡುತ್ತೇನೆ. ಗೀತೆಯ ಮೇಲೆ ಕೈ ಇಡಿಸುವುದು ನಮ್ಮ ಕೋರ್ಟುಗಳಲ್ಲಿ ಇಲ್ಲ. 1969ರ ಪ್ರಮಾಣ ಕಾಯ್ದೆಯ ಪ್ರಕಾರ ದೇವರ ಹೆಸರಿನಲ್ಲೋ ಆತ್ಮಸಾಕ್ಷಿಯಾಗಿಯೋ ಪ್ರಮಾಣ ಮಾಡಿದರೆ ಮುಗಿಯಿತು. ಮೇಜು ಕುಟ್ಟುವ ಸುತ್ತಿಗೆಯೂ ಸಿನಿಮಾದವರದ್ದೇ. ‘ಮೈ ಲಾರ್ಡ್’ ಎನ್ನಲೇಬೇಕೆಂದಿಲ್ಲ ಎಂದು ವಕೀಲರ ಪರಿಷತ್ತು 2006ರಲ್ಲೇ ಹೇಳಿದೆ. ಕೂಗಾಟ, ಕಣ್ಣೀರು, ಕೊನೇ ಗಳಿಗೆಯಲ್ಲಿ ಬಾಗಿಲು ತಳ್ಳಿಕೊಂಡು ಬರುವ ಸಾಕ್ಷಿ, ಇವೆಲ್ಲ ಟಿಕೆಟ್ ಕೊಂಡವರಿಗೆ.

ಹೆಜ್ಜೆ 1: ನಿಮ್ಮ ಕಡೆ ಯಾವುದು? ಎಷ್ಟು ದೂರ?

1957ರ ‘ಟ್ವೆಲ್ವ್ ಆ್ಯಂಗ್ರಿ ಮೆನ್’ ಸಿನಿಮಾವನ್ನು ತರಗತಿಯಲ್ಲಿ ತೋರಿಸುತ್ತೇನೆ. ಕಪ್ಪು ಬಿಳುಪು, ಹೆಚ್ಚುಕಡಿಮೆ ಒಂದೇ ಕೋಣೆ, ಹನ್ನೆರಡು ಜನ ಜ್ಯೂರಿಗಳು, ಅಂದರೆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸಲು ಕೂತ ಸಾಮಾನ್ಯ ಜನ. ಹಿಂದಿಯಲ್ಲಿ 1986ರಲ್ಲಿ ‘ಏಕ್ ರುಕಾ ಹುವಾ ಫೈಸ್ಲಾ’ ಆಗಿ, ಕನ್ನಡದಲ್ಲಿ 2012ರಲ್ಲಿ ‘ದಶಮುಖ’ ಆಗಿ ಬಂದದ್ದು ಇದೇ ಕಥೆ. ಅಪ್ಪನನ್ನು ಕೊಂದ ಆರೋಪ ಹೊತ್ತ ಹುಡುಗ ತಪ್ಪಿತಸ್ಥ ಎಂದು ಹನ್ನೊಂದು ಜನ ಕೈ ಎತ್ತುತ್ತಾರೆ. ಒಬ್ಬ ಎತ್ತುವುದಿಲ್ಲ.

ಅವನು ‘ಹುಡುಗ ನಿರಪರಾಧಿ’ ಎಂದು ವಾದಿಸುವುದಿಲ್ಲ, ಗಮನಿಸಿ. ‘ನನಗೆ ಗೊತ್ತಿಲ್ಲ, ಆದರೆ ಅನುಮಾನಕ್ಕೆ ಜಾಗ ಇದೆ’ ಎನ್ನುತ್ತಾನೆ. ಅಷ್ಟು ಸಣ್ಣ ಮಾತಾದ್ದರಿಂದಲೇ ಅದನ್ನು ಕೊನೆತನಕ ಎತ್ತಿ ಹಿಡಿಯಲು ಅವನಿಗೆ ಆಗುತ್ತದೆ.

ನನ್ನ ಒಬ್ಬ ಹತ್ತನೇ ತರಗತಿ ವಿದ್ಯಾರ್ಥಿನಿ ‘ಗ್ರಂಥಾಲಯಗಳ ಮಹತ್ವ’ ಎಂದು ಬರೆದು ತಂದಳು. ಮಹತ್ವ ಇಲ್ಲ ಎಂದವರು ಯಾರು? ಎದುರು ಪಕ್ಷವೇ ಇಲ್ಲದ ಕೇಸು ಅದು. ಸಣ್ಣದು ಮಾಡು ಎಂದೆ. ಎರಡು ಸಲ ತಿದ್ದಿದ ಮೇಲೆ ‘ನಮ್ಮೂರಿನ ಗ್ರಂಥಾಲಯ ಸಂಜೆ ಎಂಟರ ತನಕ ತೆರೆದಿರಬೇಕು’ ಎಂದಾಯಿತು. ಈಗ ‘ಬೇಡ’ ಎನ್ನುವವರು ಸಿಗುತ್ತಾರೆ. ವಾದ ಶುರು ಮಾಡಬಹುದು.

ಹೆಜ್ಜೆ 2: ಸಾಕ್ಷಿ ಕೂಡಿಸಿ

‘ತಜ್ಞರು ಹೇಳುತ್ತಾರೆ’, ‘ಸಮೀಕ್ಷೆಯೊಂದರ ಪ್ರಕಾರ’, ‘ವಿಜ್ಞಾನಿಗಳು ಕಂಡುಹಿಡಿದಿದ್ದಾರೆ’ ಎಂದೆಲ್ಲ ಬರೆಯುತ್ತೀರಲ್ಲ, ಕೋರ್ಟಿನಲ್ಲಿ ಇದಕ್ಕೆ ಕೇಳಿದ ಮಾತು ಎನ್ನುತ್ತಾರೆ. ಯಾವ ತಜ್ಞ? ಕರೆಯಿರಿ ಅವರನ್ನು. ಕರೆಯಲು ಆಗದಿದ್ದರೆ ಆ ಸಾಲು ಹೊಡೆದು ಹಾಕಿ.

ಆ ಸಿನಿಮಾದಲ್ಲಿ ಮುದುಕನೊಬ್ಬ ಸಾಕ್ಷಿ ಹೇಳಿರುತ್ತಾನೆ. ಸದ್ದು ಕೇಳಿ ಹಾಸಿಗೆಯಿಂದೆದ್ದು 15 ಸೆಕೆಂಡಿನಲ್ಲಿ ಬಾಗಿಲು ತೆರೆದೆ, ಹುಡುಗ ಓಡುವುದನ್ನು ಕಂಡೆ ಎಂದು. ಮುದುಕನಿಗೆ ಒಂದು ಕಾಲು ಎಳೆಯುತ್ತದೆ. ಕೈ ಎತ್ತದಿದ್ದ ಆ ಜ್ಯೂರಿ ಮನೆಯ ನಕ್ಷೆ ತರಿಸುತ್ತಾನೆ. ಕುರ್ಚಿ ಸರಿಸಿ ಅಷ್ಟೇ ದೂರ ಗುರುತು ಮಾಡಿ, ತಾನೇ ಕಾಲೆಳೆದುಕೊಂಡು ನಡೆಯುತ್ತಾನೆ. ಇನ್ನೊಬ್ಬ ಗಡಿಯಾರ ನೋಡುತ್ತಾನೆ. 41 ಸೆಕೆಂಡು! ಈ ಒಂದು ಸೀನ್ ನಮ್ಮ ಮಕ್ಕಳಿಗೆ ಹೇಳುವುದು ಇಷ್ಟೇ: ಹೋಗಿ, ಅಳೆದು ಬನ್ನಿ.

ಹುಡುಗಿ ಅಳೆದಳು. ಮಂಗಳ, ಬುಧ, ಗುರುವಾರ ಸ್ಪೆಷಲ್ ಕ್ಲಾಸ್ ಬಿಡುವುದು ಐದಕ್ಕೆ. ಬಸ್ಸು ಊರಿಗೆ ತಲುಪುವುದು 5.40ಕ್ಕೆ. ಗ್ರಂಥಾಲಯಕ್ಕೆ ಬೀಗ ಬೀಳುವುದು ಆರಕ್ಕೆ. ಸಿಗುವುದು 20 ನಿಮಿಷ. ಮೂರು ಸಂಜೆ ಆರರ ಮೇಲೆ ಎದುರಿನ ಕಟ್ಟೆಯ ಮೇಲೆ ಕೂತು, ಬೀಗ ನೋಡಿ ವಾಪಸ್ಸು ಹೋದವರನ್ನು ಎಣಿಸಿದಳು: ಏಳು, ಒಂಬತ್ತು, ನಾಲ್ಕು. ‘ನಾಲ್ಕು ಬರೀಬೇಕಾ ಮಿಸ್? ಕಮ್ಮಿ ಆಯ್ತು’ ಎಂದಳು. ಬರಿ ಎಂದೆ. ಆ ನಾಲ್ಕು ಇದ್ದರೆ ಮಾತ್ರ ಮಿಕ್ಕ ಎರಡನ್ನು ಓದುವವರು ನಂಬುತ್ತಾರೆ.

ಗೈಡುಗಳ ಬಗ್ಗೆ ಒಂದು ಮಾತು. ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ‘ನೂರಾರು ಪ್ರಬಂಧಗಳು’ ಥರದ ಪುಸ್ತಕವನ್ನು ದಯವಿಟ್ಟು ಕೊಳ್ಳಬೇಡಿ. ಅದೇ ದುಡ್ಡಿಗೆ ಎರಡು ಪ್ಲೇಟ್ ಮಸಾಲೆ ಪುರಿ ತಿನ್ನಿ. ಮೊಬೈಲಿನಲ್ಲಿ ಕೇಳಿದ ತಕ್ಷಣ ಬರೆದುಕೊಡುವ ಆ್ಯಪ್‌ಗಳದ್ದು ಇನ್ನೊಂದು ತಾಪತ್ರಯ. ಯಾರೂ ಆಡದ ಮಾತನ್ನು ದೊಡ್ಡವರ ಹೆಸರಿನಲ್ಲಿ ಹಾಕಿಬಿಡುತ್ತವೆ. ಸುಳ್ಳು ಸಾಕ್ಷಿ ತಂದವನ ಕೇಸು ಅಲ್ಲಿಗೇ ಬಿದ್ದಂತೆ.

ಹೆಜ್ಜೆ 3: ಜೋಡಿಸಿ

ಎರಡನೇ ಗಟ್ಟಿ ಸಾಕ್ಷಿ ಮೊದಲು, ಮಿಕ್ಕದ್ದು ನಡುವೆ, ಎಲ್ಲಕ್ಕಿಂತ ಗಟ್ಟಿಯಾದದ್ದು ಕೊನೆಗೆ. ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ.

ಹೆಜ್ಜೆ 4: ಪಾಟಿ ಸವಾಲು

ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನೆ ಕೇಳಿ ಪರೀಕ್ಷಿಸುವುದೇ ಪಾಟಿ ಸವಾಲು. ಎಲ್ಲರೂ ಎಡವುವುದು ಇಲ್ಲೇ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಎಡವುವುದರಲ್ಲೂ ಮೂರು ರೀತಿ. ಮೊದಲನೆಯವರು ಎದುರು ವಾದವನ್ನು ಬರೆಯುವುದೇ ಇಲ್ಲ. ಬರೆದರೆ ತಮ್ಮ ವಾದ ಸೋತಂತೆ ಅಂದುಕೊಳ್ಳುತ್ತಾರೆ. ಎರಡನೆಯವರು ಬರೆಯುತ್ತಾರೆ, ಆದರೆ ಹೀಗೆ: ‘ಕೆಲವು ಅಜ್ಞಾನಿಗಳು ಗ್ರಂಥಾಲಯದಿಂದ ಪ್ರಯೋಜನವಿಲ್ಲ ಎನ್ನುತ್ತಾರೆ.’ ಅಂಥ ಅಜ್ಞಾನಿಯನ್ನು ಯಾರೂ ಕಂಡಿಲ್ಲ. ಬೆದರುಗೊಂಬೆ ನಿಲ್ಲಿಸಿ ಅದಕ್ಕೆ ಹೊಡೆದು ಬೀಳಿಸಿ ಗೆದ್ದೆ ಎನ್ನುವ ಆಟ ಇದು. ಮೂರನೆಯವರು ತುಂಬಾ ಒಳ್ಳೆಯವರು. ಎದುರು ವಾದವನ್ನು ಎಷ್ಟು ಚೆನ್ನಾಗಿ ಬರೆಯುತ್ತಾರೆಂದರೆ ಪ್ಯಾರಾ ಮುಗಿಯುವ ಹೊತ್ತಿಗೆ ತಾವೇ ಆ ಕಡೆ ಹೋಗಿಬಿಟ್ಟಿರುತ್ತಾರೆ.

ಇದಕ್ಕೆ ನಾನು ಮಕ್ಕಳಿಗೆ ಹೇಳುವುದು ಅಬ್ರಹಾಂ ಲಿಂಕನ್ ನಡೆಸಿದ ಒಂದು ಕೇಸು. 1858, ಅಮೆರಿಕದ ಇಲಿನಾಯ್ ರಾಜ್ಯ. ಲಿಂಕನ್ ಆಗಿನ್ನೂ ಅಧ್ಯಕ್ಷನಾಗಿರಲಿಲ್ಲ, ವಕೀಲ. ಕೊಲೆ ಆರೋಪ ಹೊತ್ತ ಯುವಕನ ಪರ ನಿಂತಿದ್ದ. ಸುಮಾರು 150 ಅಡಿ ದೂರದಿಂದ ಬೆಳದಿಂಗಳಲ್ಲಿ ಹೊಡೆದದ್ದನ್ನು ಕಂಡೆ ಎನ್ನುತ್ತಾನೆ ಮುಖ್ಯ ಸಾಕ್ಷಿ. ಲಿಂಕನ್ ಆ ಕ್ಷಣಕ್ಕೆ ಅವನ ಮೇಲೆ ಬೀಳಲಿಲ್ಲ. ಚಂದ್ರ ಎಲ್ಲಿದ್ದ, ಬೆಳಕು ಎಷ್ಟಿತ್ತು ಎಂದು ಮತ್ತೆ ಮತ್ತೆ ಕೇಳಿದ. ಚಂದ್ರ ಮೇಲಿದ್ದ, ಚೆನ್ನಾಗಿ ಬೆಳಗುತ್ತಿದ್ದ ಎಂದು ಅವನ ಬಾಯಿಂದಲೇ ಪೂರ್ತಿ ಬರಲಿ ಎಂದು ಬಿಟ್ಟ. ಆಮೇಲೆ ಕೊಲೆ ನಡೆದ ವರ್ಷದ, ಅಂದರೆ 1857ರ ಪಂಚಾಂಗ ತೆಗೆಸಿದ. ಆ ಹೊತ್ತಿಗೆ ಚಂದ್ರ ಕೆಳಗಿಳಿದು ಮುಳುಗುವುದರಲ್ಲಿದ್ದ. ಯುವಕ ಬಿಡುಗಡೆಯಾದ.

ಸಾಕ್ಷಿಯ ಮಾತನ್ನು ಲಿಂಕನ್ ಅರ್ಧಕ್ಕೆ ತಡೆದಿದ್ದರೆ ಪಂಚಾಂಗಕ್ಕೆ ಏನು ಬೆಲೆ ಇರುತ್ತಿತ್ತು? ಎದುರಿನವರ ವಾದ ತನ್ನ ಪೂರ್ತಿ ಎತ್ತರದಲ್ಲಿ ಎದ್ದು ನಿಲ್ಲಬೇಕು. ಅದರ ಮುಂದೆ ನಿಂತಾಗಲೇ ನಿಮ್ಮ ಉತ್ತರದ ಎತ್ತರ ಕಾಣುವುದು.

ಇದನ್ನು ಕಾಗದದ ಮೇಲೆ ಹೀಗೆ ಮಾಡಿ. ಹೊಸ ಹಾಳೆ ತೆಗೆದುಕೊಳ್ಳಿ. ನೋಟ್‌ಬುಕ್ಕಿನ ಹಿಂದಿನ ಪುಟ ಬೇಡ, ಬೇರೆಯೇ ಹಾಳೆ. ನೀವು ಹೇಳಿದಂತೆ ಆಗಿಬಿಟ್ಟರೆ ಯಾರಿಗೆ ತೊಂದರೆ ಎಂದು ಯೋಚಿಸಿ, ಆ ಒಬ್ಬ ಮನುಷ್ಯನ ಹೆಸರು ಬರೆಯಿರಿ. ‘ಸಮಾಜ’, ‘ಸರ್ಕಾರ’ ಎಂದು ಬರೆಯುವ ಹಾಗಿಲ್ಲ. ಆಮೇಲೆ ಆ ಮನುಷ್ಯ ಮಾತಾಡುವ ಹಾಗೇ, ‘ನಾನು’ ಎಂದು, ಐದು ಸಾಲು ಬರೆಯಿರಿ. ಆದರೆ ಹೋಗಿ ಕೇಳಿಯೇ ಬನ್ನಿ.

ಹುಡುಗಿ ಕೇಳಲು ಹೋದದ್ದು ಗ್ರಂಥಪಾಲಕರನ್ನು. ಪಕ್ಕದ ಊರಿನಿಂದ ದಿನಾ ಓಡಾಡುವ ಮನುಷ್ಯ.

‘ಸಾರ್, ಎಂಟರ ತನಕ ತೆಗೆದಿಟ್ರೆ ಏನಾಗುತ್ತೆ?’

‘ಇಡೋಣಮ್ಮ. ನನ್ನ ಲಾಸ್ಟ್ ಬಸ್ಸು ಏಳೂಕಾಲಿಗೆ. ಆಮೇಲೆ ನನ್ನನ್ನ ಮನೆಗೆ ನೀನು ಬಿಟ್ಟು ಬರ್ತೀಯಾ?’

ವಾಪಸ್ಸು ಬಂದಾಗ ಮುಖ ಸಪ್ಪಗಿತ್ತು. ‘ಮಿಸ್, ಅವರು ಹೇಳಿದ್ದು ಸರಿ ಅಲ್ವಾ? ನಾನು ಟಾಪಿಕ್ ಚೇಂಜ್ ಮಾಡ್ಲಾ?’

ಬೇಡ. ಇಂಥ ಪ್ರಶ್ನೆ ಸಿಗಲೆಂದೇ ಅಲ್ವಾ ಕಳಿಸಿದ್ದು. ಅವಳ ಮೊದಲ ಉತ್ತರ ಹೀಗಿತ್ತು: ‘ಸರ್ಕಾರಿ ನೌಕರರು ತಮ್ಮ ಸ್ವಂತ ಅನುಕೂಲಕ್ಕಿಂತ ಮಕ್ಕಳ ಭವಿಷ್ಯಕ್ಕೆ ಆದ್ಯತೆ ನೀಡಬೇಕು.’ ಇದು ಉತ್ತರ ಅಲ್ಲ, ಬೈಗುಳ. ಬಸ್ಸಿನ ಪ್ರಶ್ನೆಗೆ ಬಸ್ಸಿನದ್ದೇ ಉತ್ತರ ಬೇಕು. ಅವಳಿಗೆ ಮೂರು ಸವಾಲು ಹಾಕಿದೆ. ಎದುರಿನವರು ಹೇಳಿದ್ದರಲ್ಲಿ ಯಾವುದು ನಿಜ? ಅದು ನಿನ್ನ ವಾದದ ಎಷ್ಟು ಭಾಗವನ್ನು ಕೆಡವುತ್ತದೆ? ಉಳಿದದ್ದರಲ್ಲಿ ನಿನ್ನ ಕೆಲಸ ಆಗುತ್ತದಾ?

ನಿಜ: ಏಳೂಕಾಲಿನ ಬಸ್ಸು. ಬಿದ್ದದ್ದು: ಏಳರಿಂದ ಎಂಟರ ತನಕದ ಒಂದು ಗಂಟೆ. ಉಳಿದದ್ದು: ಆರರಿಂದ ಏಳು. ಇಪ್ಪತ್ತು ನಿಮಿಷ ಇದ್ದದ್ದು ಎಂಬತ್ತು ನಿಮಿಷ ಆಗುತ್ತದೆ. ಎರಡನೇ ಸಲ ಬರೆದದ್ದು ಇದು:

‘ಗ್ರಂಥಪಾಲಕರು ಬರುವುದು ಪಕ್ಕದ ಊರಿನಿಂದ. ಅವರ ಕೊನೆಯ ಬಸ್ಸು ಏಳೂಕಾಲಿಗೆ. ಎಂಟರ ತನಕ ತೆರೆಯಿರಿ ಎಂದರೆ ಅವರು ಮನೆಗೆ ಹೋಗುವುದು ಹೇಗೆ? ನಾನೂ ಮೊದಲು ಎಂಟು ಎಂದೇ ಬರೆದಿದ್ದೆ. ಅವರ ಮಾತು ಕೇಳಿ ಏಳು ಎಂದು ತಿದ್ದಿದೆ. ಏಳಕ್ಕೆ ಬೀಗ ಹಾಕಿದರೂ ಅವರಿಗೆ ಬಸ್ಸು ಸಿಗುತ್ತದೆ, ನಮಗೆ ಒಂದು ಗಂಟೆ ಸಿಗುತ್ತದೆ.’

‘ಮೊದಲು ಎಂಟು ಎಂದು ಬರೆದಿದ್ದೆ’ ಎನ್ನುವ ಸಾಲು ನೋಡಿ. ಅದನ್ನು ತೆಗೆಯೋಣ ಮಿಸ್, ನಾಚಿಕೆ ಆಗುತ್ತೆ ಎಂದಳು. ನಾನು ಬಿಡಲಿಲ್ಲ. ಇಡೀ ಪ್ರಬಂಧದಲ್ಲಿ ಓದುಗ ಅವಳ ಕಡೆ ವಾಲುವುದು ಆ ಸಾಲಿನಲ್ಲೇ.

ಇಲ್ಲಿ ಎರಡು ಎಚ್ಚರಿಕೆ. ಒಂದು, ಉತ್ತರ ಸಿಕ್ಕ ಮೇಲೆ ಬಾಯಿ ಮುಚ್ಚಿ. ಅನುಭವಸ್ಥ ವಕೀಲರು ಪಾಟಿ ಸವಾಲಿನಲ್ಲಿ ಬೇಕಾದ ಮಾತು ಬಂದ ತಕ್ಷಣ ಕೂತುಬಿಡುತ್ತಾರೆ. ಎಳಸು ವಕೀಲ ಇನ್ನೊಂದು ಪ್ರಶ್ನೆ ಕೇಳಿ ಗೆದ್ದದ್ದನ್ನು ಕಳೆದುಕೊಳ್ಳುತ್ತಾನೆ. ‘ಇದರಿಂದ ಎದುರು ವಾದ ಸಂಪೂರ್ಣ ಸುಳ್ಳೆಂದು ಸಾಬೀತಾಯಿತು’ ಎನ್ನುವುದು ಆ ಇನ್ನೊಂದು ಪ್ರಶ್ನೆ. ಎರಡು, ‘ಮಕ್ಕಳು ಓದಬಾರದೇ? ಜ್ಞಾನ ಬೇಡವೇ?’ ಎಂಬ ಪ್ರಶ್ನೆಗಳ ಮಳೆ. ಉತ್ತರವನ್ನು ಒಳಗೇ ಇಟ್ಟು ಕೇಳುವ ಪ್ರಶ್ನೆಯನ್ನು ನಿಮ್ಮದೇ ಸಾಕ್ಷಿಗೆ ಮುಖ್ಯ ವಿಚಾರಣೆಯಲ್ಲಿ ಸುಮ್ನೆ ಹಾಕುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲೂ ಹಾಗೇ ಇತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಹೊಸ ಕಾಯ್ದೆಯಲ್ಲೂ ಹಾಗೇ ಇದೆ. ಪ್ರಬಂಧದಲ್ಲೂ ಹಾಗೇ ಇರಲಿ.

‘ಪರೀಕ್ಷೆಯಲ್ಲಿ ಇಷ್ಟೆಲ್ಲ ಮಾಡೋಕೆ ಟೈಮೆಲ್ಲಿ?’ ಎನ್ನುವವರಿಗೆ ಒಂದು ಅಡ್ಡದಾರಿ ಇದೆ. ಪ್ರಬಂಧದ ಪ್ರಶ್ನೆ ಓದಿದ ಕೂಡಲೇ ಹಿಂದಿನ ಹಾಳೆಯಲ್ಲಿ ಎದುರಿನವರ ಒಂದೇ ಒಂದು ಗಟ್ಟಿ ಮಾತು ಬರೆದುಕೊಳ್ಳಿ. ಪೀಠಿಕೆ ಬರೆಯುವ ಮೊದಲೇ. ಅದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ತಾನಾಗಿ ಬರುತ್ತದೆ. ಸಿಗದಿದ್ದರೆ ಕಡೆ ಬದಲಾಯಿಸಲು ಇನ್ನೂ ಟೈಮ್ ಇರುತ್ತದೆ.

ಹೆಜ್ಜೆ 5: ದನಿ ತಗ್ಗಿಸಿ

ಉದ್ಗಾರ ಚಿಹ್ನೆಗೆ ಒಂದು ಪ್ರಬಂಧಕ್ಕೆ ಒಂದರ ಮಿತಿ. ಸ್ಕೆಚ್ ಪೆನ್ನಿನಲ್ಲಿ ಅಡಿಗೆರೆ ಎಳೆಯಬೇಡಿ, ಗೆರೆ ಎಳೆದರೆ ವಾದ ಗಟ್ಟಿಯಾಗುವುದಿಲ್ಲ. ಶುರುವಿನ ಸುಭಾಷಿತವನ್ನೂ ಬಿಟ್ಟುಬಿಡಿ. ಆಮೇಲೆ ಒಂದು ಸಲ ಜೋರಾಗಿ ಓದಿ. ಎಲ್ಲಿ ನಿಮಗೇ ಭಾಷಣ ಅನ್ನಿಸುತ್ತದೋ ಆ ಸಾಲು ಹೊಡೆಯಿರಿ.

ಹೆಜ್ಜೆ 6: ಕೋರಿಕೆ

ಸಿವಿಲ್ ದಾವೆಯ ಅರ್ಜಿ ಯಾವತ್ತಾದರೂ ನೋಡಿದ್ದೀರಾ? ಎಲ್ಲ ಹೇಳಿ ಮುಗಿಸಿದ ಮೇಲೆ ಕೊನೆಗೆ ‘ಪ್ರಾರ್ಥನೆ’ ಎಂಬ ಭಾಗ ಇರುತ್ತದೆ. ಕೋರ್ಟಿನಿಂದ ನಿಮಗೆ ಏನು ಬೇಕು ಎಂದು ಅಲ್ಲಿ ಬಿಡಿಸಿ ಹೇಳಬೇಕು. ಸಿನಿಮಾದಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ, ಬೋರು ಹೊಡೆಯುತ್ತದೆ ಅಂತಿರಬೇಕು. ‘ಒಟ್ಟಿನಲ್ಲಿ’ ಎಂದು ಹೇಳಿದ್ದನ್ನೇ ಹೇಳುವ ಉಪಸಂಹಾರದ ಬದಲು ಇದನ್ನು ಬರೆಯಿರಿ. ಓದಿದವರು ಕೆಳಗೆ ಸಹಿ ಹಾಕಿದರೆ ನಾಳೆಯೇ ಜಾರಿ ಮಾಡುವಷ್ಟು ಸ್ಪಷ್ಟವಾಗಿರಲಿ.

ಹುಡುಗಿಯ ಕೊನೆಯ ಪ್ಯಾರಾ ನಾಲ್ಕೇ ಸಾಲು. ಮಂಗಳ, ಬುಧ, ಗುರುವಾರ ಮಾತ್ರ ಗ್ರಂಥಾಲಯ ಏಳರ ತನಕ ತೆರೆದಿರಲಿ. ಆ ಮೂರು ದಿನ ಬೆಳಿಗ್ಗೆ ಒಂದು ಗಂಟೆ ತಡವಾಗಿ ಬಾಗಿಲು ತೆಗೆಯಲಿ. ಬೆಳಿಗ್ಗೆ ಪೇಪರ್ ಓದಲು ಬರುವ ತಾತಂದಿರಿಗೆ ಇದರಿಂದ ತೊಂದರೆ, ಅದಕ್ಕೆ ಪೇಪರನ್ನು ಹೊರಗಿನ ಜಗಲಿಯ ಬೆಂಚಿನ ಮೇಲೆ ಹಾಕಿಸಲಿ. ನಮ್ಮ ಪರೀಕ್ಷೆ ಮುಗಿಯುವ ತನಕ ಹೀಗಿದ್ದರೆ ಸಾಕು.

ತಾತಂದಿರ ವಿಷಯ ನಾನು ಹೇಳಿಕೊಟ್ಟದ್ದಲ್ಲ.