ಎಳೆ ಹಿಡಿದು ಚಿತ್ರ ಪೋಣಿಸಿದ ನನ್ನ ಅನುಭವ

ಮೂರು ಭಾನುವಾರ, ಮೂರು ಚಿತ್ರ, ಮೂರಕ್ಕೂ ಒಂದೇ ಎಳೆ ಎಂಬ ಕ್ರಮವನ್ನು ನಾನು ಮೊದಲ ಸಲ ಮುಂದಿಟ್ಟಾಗ ನಮ್ಮ ಚಿತ್ರಸಮಾಜದಲ್ಲಿ ಅದನ್ನು ಒಪ್ಪಿದವರು ಒಬ್ಬರೂ ಇರಲಿಲ್ಲ. ನಿರ್ದೇಶಕರ ಹೆಸರಿನಲ್ಲಿ ಸರಣಿ ಮಾಡಿದರೆ ಜನ ಬರುತ್ತಾರೆ, ದೇಶದ ಹೆಸರಿನಲ್ಲಿ ಮಾಡಿದರೆ ಅಷ್ಟಿಷ್ಟು ಬರುತ್ತಾರೆ, ಎಳೆ ಗಿಳೆ ಎಂದರೆ ಯಾರಿಗೂ ತಲೆಗೆ ಹತ್ತುವುದಿಲ್ಲ ಎಂದು ಹಿರಿಯ ಸದಸ್ಯರು ಖಡಾಖಂಡಿತವಾಗಿ ಹೇಳಿದ್ದರು. ಸುಮಾರು ಒಂದೂವರೆ ವರ್ಷ ಅವರ ಮಾತೇ ನಿಜವಾಯಿತು. ಈಗ ನಾಲ್ಕು ವರ್ಷಗಳಾದ ಮೇಲೆ, ಮೊದಲ ಚಿತ್ರಕ್ಕೆ 100 ಜನ ಬಂದರೆ ಅವರಲ್ಲಿ 70–75 ಜನ ಮೂರನೆಯದಕ್ಕೂ ಬಂದು ಕೂರುತ್ತಿದ್ದಾರೆ. ಹಿಂದೆ ಈ ಲೆಕ್ಕ 25 ದಾಟಿದ್ದು ನನಗೆ ನೆನಪಿಲ್ಲ. ಆ ಹಿರಿಯರಲ್ಲಿ ಇಬ್ಬರು ಈಗ ತಮ್ಮದೇ ಎಳೆಗಳನ್ನು ಬರೆದುಕೊಂಡು ಬಂದು ನನಗೆ ತೋರಿಸುತ್ತಾರೆ. ಹಾಗಾಗಿ ಎಲ್ಲಿ ಎಡವಿದೆ, ಎಲ್ಲಿ ಹಿಡಿತ ಸಿಕ್ಕಿತು ಎಂಬುದನ್ನು ಇದೇ ಕೆಲಸ ಮಾಡುವವರಿಗಾಗಿ ಬರೆದಿಡುತ್ತಿದ್ದೇನೆ.

ನನ್ನ ಮೊದಲ ಎಳೆ ‘ತಾಯಿ’. ‘ಮದರ್ ಇಂಡಿಯಾ’, ‘ಪಥೇರ್ ಪಾಂಚಾಲಿ’, ಬರ್ಗ್‌ಮನ್ ಅವರ ‘ಆಟಮ್ ಸೊನಾಟಾ’ ಈ ಮೂರನ್ನು ಆರಿಸಿದ್ದೆ. ಬಿಡಿಬಿಡಿಯಾಗಿ ನೋಡಿದರೆ ಮೂರೂ ನನಗೆ ಪ್ರಾಣಪ್ರಿಯವಾದ ಚಿತ್ರಗಳೇ. ಆದರೆ ಒಟ್ಟಿಗೆ ಇಟ್ಟಾಗ ಅವು ಒಂದನ್ನೊಂದು ಮುಟ್ಟಲೇ ಇಲ್ಲ. ಚರ್ಚೆಗೆ ಕುಳಿತವರು ಚಿತ್ರದ ಬಗ್ಗೆ ನಾಲ್ಕು ಮಾತು ಆಡುವಷ್ಟರಲ್ಲಿ ತಮ್ಮ ತಮ್ಮ ಮನೆಯ ವಿಷಯಕ್ಕೆ ಹೊರಳುತ್ತಿದ್ದರು. ಆಡಿದ ಮಾತು ಪ್ರಾಮಾಣಿಕವಾಗಿಯೇ ಇದ್ದರೂ ಆ ಮಾತಿಗೆ ಚಿತ್ರ ಬೇಕಾಗಿರಲಿಲ್ಲ. ‘ಮದರ್ ಇಂಡಿಯಾ’ ಸುಮಾರು ಮೂರು ಗಂಟೆಯ ಚಿತ್ರವಾದ್ದರಿಂದ ಸಭಾಂಗಣದವರು ಹೆಚ್ಚುವರಿ ಬಾಡಿಗೆಯನ್ನೂ ಹಿಡಿದರು. ಮೂರನೆಯ ಭಾನುವಾರ ಬಂದವರು 11 ಜನ ಎಂದು ನೆನಪು, ಅವರಲ್ಲಿ ನಾಲ್ವರು ಸಮಿತಿಯವರು. ಪ್ರೀತಿ, ಒಂಟಿತನ, ಮಾನವೀಯತೆ ಮುಂತಾದ ಎಳೆಗಳನ್ನು ನಾನು ಅಂದಿಗೇ ಕೈಬಿಟ್ಟೆ. ಯಾವ ಒಳ್ಳೆಯ ಚಿತ್ರದಲ್ಲಿ ಪ್ರೀತಿ ಇರುವುದಿಲ್ಲ? ಎಲ್ಲವನ್ನೂ ಹಿಡಿಯುವ ಬಲೆಯಲ್ಲಿ ಆಯ್ಕೆ ಎಂಬುದಕ್ಕೇ ಅರ್ಥ ಉಳಿಯುವುದಿಲ್ಲ.

ಎರಡನೆಯ ಸೋಲು ಬೇರೆ ಬಗೆಯದು. ‘ಒಂದೇ ಕೋಣೆ’ ಎಂಬ ಎಳೆ ಹಿಡಿದು ಹಿಚ್‌ಕಾಕ್ ಅವರ ‘ರೋಪ್’ (1948), ಸಿಡ್ನಿ ಲ್ಯುಮೆಟ್ ಅವರ ‘12 ಆ್ಯಂಗ್ರಿ ಮೆನ್’ (1957) ಎರಡನ್ನೂ ಒಂದೇ ಸಂಜೆ ತೋರಿಸಿದೆ. ಒಂದು 80 ನಿಮಿಷ, ಇನ್ನೊಂದು 96 ನಿಮಿಷ, ಹೇಗೋ ಮೂರು ಗಂಟೆಯಲ್ಲಿ ಮುಗಿಯುತ್ತದೆ, ಒಂದು ದಿನದ ಬಾಡಿಗೆ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. ಎಳೆ ಸರಿಯಾಗಿಯೇ ಇತ್ತು, ಆದರೆ ಎರಡು ಮುಚ್ಚಿದ ಕೋಣೆಗಳಲ್ಲಿ ಬೆನ್ನುಬೆನ್ನಿಗೆ ಕುಳಿತ ಪ್ರೇಕ್ಷಕರಿಗೆ ಉಸಿರು ಕಟ್ಟಿದಂತಾಯಿತು. ಲ್ಯುಮೆಟ್ ಆ ಕೋಣೆಯನ್ನು ಬೇಕೆಂದೇ ಕಿರಿದಾಗಿಸುತ್ತಾ ಹೋಗುತ್ತಾರೆ: ಮೊದಲಿಗೆ ಅಗಲ ನೋಟದ ಲೆನ್ಸ್‌ಗಳು, ಕಣ್ಣಿನ ಮಟ್ಟಕ್ಕಿಂತ ಮೇಲಿರುವ ಕ್ಯಾಮೆರಾ, ಕೊನೆಕೊನೆಗೆ ಹಿನ್ನೆಲೆಯನ್ನು ಹತ್ತಿರಕ್ಕೆ ಎಳೆದಂತೆ ತೋರಿಸುವ ಉದ್ದ ಫೋಕಸ್‌ನ ಲೆನ್ಸ್‌ಗಳು, ಕಣ್ಣಿನ ಮಟ್ಟಕ್ಕಿಂತ ಕೆಳಗಿಳಿದ ಕ್ಯಾಮೆರಾ, ತಲೆಯ ಮೇಲೆ ಒತ್ತುವ ಸೂರು. ಆಗಲೇ ದಣಿದಿದ್ದ ಕಣ್ಣಿಗೆ ಈ ಕುಶಲತೆ ಕಾಣಲೇ ಇಲ್ಲ. ಅಂದಿನಿಂದ ಒಂದೇ ದಿನ ಎರಡು ಚಿತ್ರ ತೋರಿಸುವುದನ್ನು ನಿಲ್ಲಿಸಿದೆ. ಎರಡರ ನಡುವೆ ಒಂದು ವಾರ ಇರಲೇಬೇಕು, ಏಕೆಂದರೆ ಮೊದಲನೆಯ ಚಿತ್ರ ಆ ವಾರದಲ್ಲಿ ಪ್ರೇಕ್ಷಕರ ತಲೆಯಲ್ಲಿ ತನ್ನ ಕೆಲಸ ಮಾಡುತ್ತಿರುತ್ತದೆ.

ದಾರಿ ಸಿಕ್ಕಿದ್ದು ‘ಕಳೆದುಹೋದ ವಸ್ತು’ ಎಂಬ ಎಳೆಯಿಂದ. ಭಾವವನ್ನು ಬಿಟ್ಟು ಪರದೆಯ ಮೇಲೆ ಕಣ್ಣಿಗೆ ಬೀಳುವ ಒಂದು ವಸ್ತುವನ್ನು ಎಳೆಯಾಗಿ ಹಿಡಿಯಬೇಕು ಎಂದು ಆಗ ಹೊಳೆಯಿತು. ಮಜೀದ್ ಮಜೀದಿ ಅವರ ‘ಚಿಲ್ಡ್ರನ್ ಆಫ್ ಹೆವನ್’ನಲ್ಲಿ (1997) ತಂಗಿಯ ಬೂಟು, ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ನಲ್ಲಿ (1948) ಸೈಕಲ್ಲು, ಕಿಯಾರೊಸ್ತಮಿ ಅವರ ‘ವೇರ್ ಈಸ್ ದ ಫ್ರೆಂಡ್ಸ್ ಹೌಸ್?’ನಲ್ಲಿ (1987) ಸಹಪಾಠಿಯ ನೋಟ್‌ಬುಕ್. ಮೂರನೆಯದರಲ್ಲಿ ವಸ್ತು ಕಳೆದುಹೋಗಿಲ್ಲ, ತಪ್ಪಿ ಹುಡುಗನ ಕೈಗೆ ಬಂದಿದೆ, ಅದನ್ನು ಒಡೆಯನಿಗೆ ತಲುಪಿಸಲು ಅವನು ಅಲೆಯುತ್ತಾನೆ. ಎಳೆ ಇಲ್ಲಿ ಸ್ವಲ್ಪ ತಿರುಗುತ್ತದೆ, ಆ ತಿರುವೇ ಇಡೀ ಸರಣಿಗೆ ಜೀವ ತುಂಬಿತು. ‘ಬೈಸಿಕಲ್ ಥೀವ್ಸ್’ನಲ್ಲಿ ಅಡವಿಟ್ಟ ಸೈಕಲ್ ಬಿಡಿಸಿಕೊಳ್ಳಲು ಮನೆಯ ಹಾಸಿಗೆಯ ಚಾದರಗಳನ್ನು ಒತ್ತೆ ಇಡುತ್ತಾರಲ್ಲ, ಆ ಗಂಟನ್ನು ಇಡಲು ಅಂಗಡಿಯವನು ಕಪಾಟು ಹತ್ತುತ್ತಾ ಹೋಗುತ್ತಾನೆ, ಅಲ್ಲಿ ಚಾವಣಿಯವರೆಗೂ ಅಂಥವೇ ಗಂಟುಗಳು ತುಂಬಿರುತ್ತವೆ. ಹಿಂದಿನ ವಾರ ಒಂದು ಜೊತೆ ಬೂಟಿಗಾಗಿ ಸುಮಾರು ಒಂದೂವರೆ ಗಂಟೆ ತಳಮಳಿಸಿದ್ದ ನಮ್ಮ ಪ್ರೇಕ್ಷಕರು ಆ ಕಪಾಟನ್ನು ಕಂಡು ‘ಅಯ್ಯೋ’ ಎಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅದೇ ಚಿತ್ರವನ್ನು ಎರಡು ವರ್ಷಗಳ ಹಿಂದೆ ಒಂಟಿಯಾಗಿ ತೋರಿಸಿದ್ದಾಗ ಆ ದೃಶ್ಯದಲ್ಲಿ ಯಾರೂ ಉಸಿರೆತ್ತಿರಲಿಲ್ಲ.

ಎಳೆ ಸಿಕ್ಕಿತು, ಆದರೆ ಚಿತ್ರಗಳ ಅನುಕ್ರಮ ಕೈವಶವಾಗಲು ಇನ್ನೂ ಒಂದು ಪೆಟ್ಟು ತಿನ್ನಬೇಕಾಯಿತು. ನಾನು ಅತ್ಯಂತ ಹೆಮ್ಮೆಪಡುವ ಸರಣಿ ‘ಮುಳುಗುವ ನೆಲ’. ಎಲಿಯಾ ಕಜಾನ್ ಅವರ ‘ವೈಲ್ಡ್ ರಿವರ್’ (1960), ಗಿರೀಶ ಕಾಸರವಳ್ಳಿಯವರ ‘ದ್ವೀಪ’ (2002), ಜಿಯಾ ಜಾಂಗ್‌ಕೆ ಅವರ ‘ಸ್ಟಿಲ್ ಲೈಫ್’ (2006): ಮೂರರಲ್ಲೂ ಅಣೆಕಟ್ಟು ಕಟ್ಟಲಾಗುತ್ತಿದೆ, ನೀರು ಏರುತ್ತಿದೆ, ಜನ ನೆಲ ಬಿಡಬೇಕಾಗಿದೆ. ಮೊದಲ ಸಲ ‘ಸ್ಟಿಲ್ ಲೈಫ್’ ಅನ್ನು ಮೊದಲಿಗೇ ಇಟ್ಟೆ. ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಗೋಲ್ಡನ್ ಲಯನ್ ಪಡೆದ ಚಿತ್ರವೆಂದು ಪ್ರಚಾರಕ್ಕೆ ಅನುಕೂಲವಾಗುತ್ತದೆ ಎಂದುಕೊಂಡಿದ್ದೆ. ಮೊದಲ ಅರ್ಧ ಗಂಟೆಯಲ್ಲೇ ಮೂರನೆಯ ಒಂದು ಪಾಲು ಕುರ್ಚಿಗಳು ಖಾಲಿಯಾದವು. ಜನರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಏಕೆಂದರೆ ಆ ಚಿತ್ರ ಏನನ್ನೂ ಹೇಳಿಕೊಡುವುದಿಲ್ಲ; ನದಿ, ಕೆಡವಿದ ಗೋಡೆ, ಸುತ್ತಿಗೆಯ ಸದ್ದು, ನಡುನಡುವೆ ಮೌನ. ಎಲ್ಲಿ ನೋಡಬೇಕು ಎಂದು ಕಣ್ಣಿಗೆ ಗೊತ್ತಿರಬೇಕು.

ಸುಮಾರು ಒಂದು ವರ್ಷ ಬಿಟ್ಟು ಅದೇ ಸರಣಿಯನ್ನು ಮತ್ತೆ ಮಾಡುತ್ತೇನೆ ಎಂದಾಗ ಸಮಿತಿಯಲ್ಲಿ ದೊಡ್ಡ ವಾದವೇ ನಡೆಯಿತು. ಸೋತ ಸರಣಿಗೆ ಎರಡನೆಯ ಸಲ ಹಣ ಹಾಕಲು ಸಾಧ್ಯವಿಲ್ಲ ಎಂದರು. ಒಂದು ಪ್ರದರ್ಶನದ ನಷ್ಟವನ್ನು ನಾನೇ ತುಂಬುತ್ತೇನೆ ಎಂದು ಬರೆದುಕೊಟ್ಟ ಮೇಲೆ ಒಪ್ಪಿದರು. ಈ ಸಲ ‘ವೈಲ್ಡ್ ರಿವರ್’ನಿಂದ ಆರಂಭಿಸಿದೆ. ಅದು ಕಥೆಯನ್ನು ಸಲೀಸಾಗಿ ಹೇಳುವ ಚಿತ್ರ: ಟೆನೆಸ್ಸೀ ನದಿಯ ನಡುವಿನ ದ್ವೀಪವನ್ನು ಬಿಡಲೊಪ್ಪದ ಮುದುಕಿ, ಅವಳನ್ನು ಒಪ್ಪಿಸಲು ಬಂದ ಸರ್ಕಾರಿ ಅಧಿಕಾರಿ. ಮುದುಕಿಯ ಪಾತ್ರ ಮಾಡಿದ ಜೋ ವ್ಯಾನ್ ಫ್ಲೀಟ್‌ಗೆ ಆಗ ಸುಮಾರು 45 ವರ್ಷ ಎಂದು ಪ್ರದರ್ಶನದ ನಂತರ ತಿಳಿಸಿದಾಗ ಯಾರೂ ನಂಬಲಿಲ್ಲ. ಮರುವಾರ ‘ದ್ವೀಪ’. ಮತ್ತೆ ನೀರಿನ ನಡುವೆ ಉಳಿದ ಒಂದು ತುಂಡು ನೆಲ, ಮತ್ತೆ ಜಾಗ ಬಿಡಲೊಪ್ಪದ ಹಿರಿಯ ಜೀವ, ಆದರೆ ಈಗ ಕಥೆ ಸೊಸೆಯ ಕಣ್ಣಿನಲ್ಲಿದೆ. ಆ ಹಿರಿಯನ ಪಾತ್ರದಲ್ಲಿರುವ ಎಂ.ವಿ. ವಾಸುದೇವರಾವ್ ಅವರೇ 1975ರ ‘ಚೋಮನ ದುಡಿ’ಯ ಚೋಮ. ನೆಲ ಸಿಗದ ಚೋಮನನ್ನೂ ನೆಲ ಬಿಡದ ಈ ಮುದುಕನನ್ನೂ ಒಬ್ಬನೇ ನಟ ಮಾಡಿದ್ದಾರೆ ಎಂಬ ಒಂದು ಮಾತಿಗೆ ಅಂದಿನ ಚರ್ಚೆ ಮುಕ್ಕಾಲು ಗಂಟೆ ನಡೆಯಿತು. ಸೊಸೆಯ ಪಾತ್ರ ಮಾಡಿದ ಸೌಂದರ್ಯ ಅವರು ಈ ಚಿತ್ರದ ನಿರ್ಮಾಪಕಿಯೂ ಹೌದು ಎಂಬುದು ನಮ್ಮಲ್ಲಿ ಅನೇಕರಿಗೆ ಹೊಸ ಸಂಗತಿಯಾಗಿತ್ತು.

ಮೂರನೆಯ ವಾರ, ಹಿಂದಿನ ಸಲ ಜನರನ್ನು ಎಬ್ಬಿಸಿ ಕಳುಹಿಸಿದ್ದ ಅದೇ ‘ಸ್ಟಿಲ್ ಲೈಫ್’. ಹದಿನಾರು ವರ್ಷಗಳಿಂದ ಕಾಣದ ಹೆಂಡತಿಯನ್ನು ಹುಡುಕಿಕೊಂಡು ಬಂದ ಗಣಿ ಕಾರ್ಮಿಕನೊಬ್ಬ ಚೀನಾದ ಫೆಂಗ್‌ಜೀ ಎಂಬ ಪಟ್ಟಣದಲ್ಲಿ ಕಟ್ಟಡ ಕೆಡವುವ ಕೆಲಸಕ್ಕೆ ಸೇರುತ್ತಾನೆ. ನೀರು ಎಲ್ಲಿಯವರೆಗೆ ಏರಲಿದೆ ಎಂದು ಗುರುತು ಹಾಕಿರುವ ಗೋಡೆ ಪರದೆಯ ಮೇಲೆ ಬಂದಾಗ ಮುಂದಿನ ಸಾಲಿನವರು ಒಟ್ಟಿಗೇ ಮುಂದಕ್ಕೆ ಬಾಗಿದರು. ಎರಡು ವಾರಗಳಿಂದ ಅವರ ಕಣ್ಣು ನೀರಿನ ಮಟ್ಟವನ್ನೇ ಅಳೆಯುತ್ತಿತ್ತು. ಆ ಕಾರ್ಮಿಕ ಹತ್ತು ಯುವಾನ್ ನೋಟನ್ನು ಕೈಯಲ್ಲಿ ಹಿಡಿದು ಅದರ ಮೇಲೆ ಅಚ್ಚಾಗಿರುವ ಕಣಿವೆಯ ಚಿತ್ರವನ್ನೂ ಎದುರಿಗಿರುವ ನಿಜವಾದ ಕಣಿವೆಯನ್ನೂ ಹೋಲಿಸಿ ನೋಡುವ ದೃಶ್ಯದಲ್ಲಿ ಸಭಾಂಗಣ ಪೂರ್ತಿ ನಿಶ್ಶಬ್ದವಾಗಿತ್ತು. ಎದ್ದು ಹೋದವರು ಇಬ್ಬರು, ಅವರಲ್ಲಿ ಒಬ್ಬರಿಗೆ ಬಸ್ಸಿನ ಹೊತ್ತಾಗಿತ್ತು. ಕಷ್ಟದ ಚಿತ್ರ ಕೊನೆಗೆ ಬರಬೇಕು, ಮೊದಲ ಎರಡು ಅದಕ್ಕೆ ಕಣ್ಣನ್ನು ಹದಗೊಳಿಸಬೇಕು ಎಂಬ ನನ್ನ ನಿಯಮ ಅಂದು ಗಟ್ಟಿಯಾಯಿತು. ಬರೆದುಕೊಟ್ಟ ನಷ್ಟವನ್ನು ತುಂಬುವ ಪ್ರಸಂಗವೂ ಬರಲಿಲ್ಲ.

ಅದೇ ನಿಯಮದಲ್ಲಿ ‘ಕಡತ’ ಎಂಬ ಸರಣಿಯನ್ನೂ ಮಾಡಿದೆ: ಕೆನ್ ಲೋಚ್ ಅವರ ‘ಐ, ಡೇನಿಯಲ್ ಬ್ಲೇಕ್’ (2016), ನಂತರ ‘ತಬರನ ಕಥೆ’, ಕೊನೆಗೆ ಕುರೊಸಾವಾ ಅವರ ‘ಇಕಿರು’ (1952). ಮೌಸನ್ನು ಪರದೆಯ ಮೇಲೆ ಒಯ್ಯಿರಿ ಎಂದರೆ ಮೌಸನ್ನೇ ಎತ್ತಿ ಕಂಪ್ಯೂಟರಿನ ಪರದೆಗೆ ಹಿಡಿಯುವ ಬಡಗಿ ಡೇನಿಯಲ್, ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಸುತ್ತುವ ತಬರ, ಇಬ್ಬರೂ ಮೇಜಿನ ಈಚೆ ನಿಂತವರು. ‘ಇಕಿರು’ ಬಂದಾಗ ನಾವು ಮೊದಲ ಬಾರಿಗೆ ಮೇಜಿನ ಆಚೆ, ಕಡತಗಳ ರಾಶಿಯ ಹಿಂದೆ ಕುಳಿತವನ ಎದೆಯೊಳಗೆ ಇಳಿಯುತ್ತೇವೆ. ಚಿತ್ರ 143 ನಿಮಿಷ ಇದ್ದರೂ ಯಾರೂ ಗಡಿಯಾರ ನೋಡಲಿಲ್ಲ. ಈ ಮೂರನ್ನು ಮನೆಯಲ್ಲೇ ನೋಡಬಯಸುವವರಿಗೂ ನಾನು ಇದೇ ಅನುಕ್ರಮವನ್ನು ಶಿಫಾರಸು ಮಾಡುತ್ತೇನೆ. ತಿರುಗಿಸಿ ನೋಡಿದವರೊಬ್ಬರು ‘ಇಕಿರು’ವಿನ ನಂತರ ಉಳಿದೆರಡೂ ಸಪ್ಪೆ ಎನಿಸಿದವು ಎಂದರು, ಅದು ಆ ಚಿತ್ರಗಳಿಗೆ ಮಾಡಿದ ಅನ್ಯಾಯ.

ಹಣದ ವಿಷಯಕ್ಕೆ ಬರುತ್ತೇನೆ. ನಮ್ಮ ಖರ್ಚಿನಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ಪ್ರದರ್ಶನ ಹಕ್ಕಿಗೇ, ಅಂದರೆ ಚಿತ್ರವನ್ನು ಸಭೆಯಲ್ಲಿ ತೋರಿಸಲು ಹಕ್ಕುದಾರರಿಗೆ ಕೊಡುವ ಹಣಕ್ಕೇ, ಹೋಗುತ್ತದೆ, ಉಳಿದುದರಲ್ಲಿ ಹೆಚ್ಚಿನದು ಸಭಾಂಗಣಕ್ಕೆ. ಮನೆಬಳಕೆಯ ಡಿಸ್ಕ್ ಹಾಕಿ ತೋರಿಸಿದರೆ ಈ ಖರ್ಚು ಇರುವುದಿಲ್ಲ ಎಂದು ಸಲಹೆ ಕೊಡುವವರು ಈಗಲೂ ಇದ್ದಾರೆ. ನಾನು ಅದಕ್ಕೆ ಒಪ್ಪುವುದಿಲ್ಲ. ಮೂರು ಚಿತ್ರಗಳ ಹಕ್ಕುದಾರರು ಮೂರು ಕಡೆ ಇರುವುದರಿಂದ ಒಬ್ಬರು ತಡ ಮಾಡಿದರೂ ಇಡೀ ಸರಣಿ ನಿಲ್ಲುತ್ತದೆ. ಒಮ್ಮೆ ಒಬ್ಬ ಪೂರೈಕೆದಾರರು ಪೂರ್ತಿ ಹಣ ಮುಂಗಡ ಪಡೆದು ಅಡಿಬರಹ ಎರಡು ಸೆಕೆಂಡು ಹಿಂದೆ ಬೀಳುವ ಪ್ರತಿಯನ್ನು ಕಳುಹಿಸಿದರು, ಹಣ ವಾಪಸು ಬರಲಿಲ್ಲ. ಆಮೇಲಿಂದ ಅರ್ಧ ಹಣವನ್ನು ಪ್ರತಿ ಕೈಸೇರಿ, ಮೊದಲಿನಿಂದ ಕೊನೆಯವರೆಗೆ ನಾನೇ ಓಡಿಸಿ ನೋಡಿದ ಮೇಲೆ ಕೊಡುತ್ತೇನೆ. ಹಳೆಯ ಮೂಕಿ ಚಿತ್ರ ಪುಕ್ಕಟೆ ಸಿಗುತ್ತದೆ ಎಂಬ ಭ್ರಮೆಯೂ ಬೇಡ, ಹೊಸದಾಗಿ ಸೇರಿಸಿದ ಸಂಗೀತಕ್ಕೆ ಬೇರೆ ಹಕ್ಕುದಾರರು ಇರಬಹುದು. ಆದಾಯದ ಕಡೆ ನಾನು ಮಾಡಿದ ಒಂದೇ ಬದಲಾವಣೆ ಎಂದರೆ ಬಿಡಿ ಚೀಟಿಯನ್ನು ನಿಲ್ಲಿಸಿ ಮೂರೂ ಚಿತ್ರಗಳಿಗೆ ಒಟ್ಟು ವಂತಿಗೆ ಪಡೆಯುವುದು. ಮೊದಲ ತಿಂಗಳು ಬಂದವರ ಸಂಖ್ಯೆ ಅರ್ಧಕ್ಕಿಳಿದು ಸಮಿತಿಯವರು ಗಾಬರಿಯಾದರು, ಆರನೆಯ ತಿಂಗಳ ಹೊತ್ತಿಗೆ ಲೆಕ್ಕ ಸರಿಹೋಯಿತು, ಈಗ ವರ್ಷದ ಕೊನೆಯಲ್ಲಿ ಒಂದು ಸರಣಿಗಾಗುವಷ್ಟು ಉಳಿಯುತ್ತದೆ.

ಇದರ ನಡುವೆ ಪಕ್ಕದ ಪ್ರಯೋಗಗಳನ್ನೂ ಮಾಡಿದ್ದೇನೆ. ಒಮ್ಮೆ ಎಳೆ ಯಾವುದೆಂದು ತಿಳಿಸದೆ ಮೂರು ಚಿತ್ರ ತೋರಿಸಿ ಕೊನೆಯಲ್ಲಿ ಪ್ರೇಕ್ಷಕರನ್ನೇ ಕೇಳಿದೆ. ನಾನು ‘ರೈಲು’ ಎಂದುಕೊಂಡು ಲ್ಯೂಮಿಯೇರ್ ಸೋದರರ ಸುಮಾರು 50 ಸೆಕೆಂಡಿನ ರೈಲಿನ ತುಣುಕಿನಿಂದ ಆರಂಭಿಸಿ ಬಸ್ಟರ್ ಕೀಟನ್ ಅವರ ‘ದ ಜನರಲ್’ (1926), ‘ಬ್ರೀಫ್ ಎನ್‌ಕೌಂಟರ್’ (1945), ‘ಪಥೇರ್ ಪಾಂಚಾಲಿ’ (1955) ತೋರಿಸಿದ್ದೆ. ಕೀಟನ್ ನಿಜವಾದ ಉಗಿಬಂಡಿಯನ್ನೇ ಸುಡುವ ಸೇತುವೆಯಿಂದ ನದಿಗೆ ಬೀಳಿಸಿದ ದೃಶ್ಯಕ್ಕೆ ಮಕ್ಕಳು ಎದ್ದು ನಿಂತರು. ಹೆಚ್ಚಿನವರು ರೈಲು ಎಂದೇ ಬರೆದರು, ಆದರೆ ಒಬ್ಬ ಶಾಲಾ ಹುಡುಗಿ ‘ಹೋಗಿಬಿಡುವುದು’ ಎಂದು ಬರೆದಿದ್ದಳು. ಅವಳ ಉತ್ತರ ನನ್ನದಕ್ಕಿಂತ ಚೆನ್ನಾಗಿತ್ತು. ಹಾಗಿದ್ದರೂ ಎಳೆಯನ್ನು ಮುಚ್ಚಿಡುವ ಕ್ರಮವನ್ನು ಮುಂದುವರಿಸಲಿಲ್ಲ, ಏಕೆಂದರೆ ಜನ ಚಿತ್ರ ನೋಡುವುದನ್ನು ಬಿಟ್ಟು ಒಗಟು ಬಿಡಿಸಲು ಕುಳಿತಿದ್ದರು.

ಮೂರನೆಯ ಚಿತ್ರವನ್ನು ಹೇಗೆ ಹುಡುಕುತ್ತೀರಿ ಎಂದು ಬೇರೆ ಸಮಾಜಗಳವರು ಆಗಾಗ ಕೇಳುತ್ತಾರೆ. ಮೊದಲೆರಡು ಸುಲಭ, ಅವು ತಾವಾಗಿಯೇ ಜೋಡಿಯಾಗುತ್ತವೆ. ಮೂರನೆಯದು ಎಳೆಯನ್ನು ಒಪ್ಪುತ್ತಲೇ ಅದನ್ನು ತಿರುಗಿಸಬೇಕು ಎಂಬಷ್ಟನ್ನು ಮಾತ್ರ ಹೇಳುತ್ತೇನೆ. ಅದಕ್ಕಾಗಿ ನಾನು ಇಟ್ಟುಕೊಂಡಿರುವ ಪುಸ್ತಕದಲ್ಲಿ ಚಿತ್ರಗಳನ್ನು ಯಾವ ಕ್ರಮದಲ್ಲಿ ಬರೆದಿಡುತ್ತೇನೆ ಎಂಬುದನ್ನೂ, ಎರಡನೆಯ ವಾರ ಪ್ರೇಕ್ಷಕರಿಗೆ ಹಂಚುವ ಚೀಟಿಯಲ್ಲಿರುವ ಒಂದೇ ಒಂದು ಪ್ರಶ್ನೆಯನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅವೆರಡಕ್ಕೆ ನಾಲ್ಕು ವರ್ಷ ತೆತ್ತಿದ್ದೇನೆ.

ಈಗ ಕೈಯಲ್ಲಿರುವ ಎಳೆ ‘ಬಾಗಿಲು’. ಜಾನ್ ಫೋರ್ಡ್ ಅವರ ‘ದ ಸರ್ಚರ್ಸ್’ (1956) ಕತ್ತಲ ಮನೆಯೊಳಗಿನಿಂದ ಬಾಗಿಲು ತೆರೆಯುವುದರೊಂದಿಗೆ ಆರಂಭವಾಗಿ, ಹೊರಗೇ ಉಳಿದ ಒಬ್ಬ ಮನುಷ್ಯನ ಮೇಲೆ ಬಾಗಿಲು ಮುಚ್ಚುವುದರೊಂದಿಗೆ ಮುಗಿಯುತ್ತದೆ. ‘ದ ಗಾಡ್‌ಫಾದರ್’ (1972) ಮುಗಿಯುವುದೂ ಮುಚ್ಚುವ ಬಾಗಿಲಿನಿಂದಲೇ, ಆದರೆ ಅಲ್ಲಿ ಹೊರಗುಳಿಯುವವಳು ಹೆಂಡತಿ. ಇವೆರಡೂ ಜೋಡಿಯಾಗಿ ಎಂಟು ತಿಂಗಳಾಯಿತು. ಮುಚ್ಚಿದ ಬಾಗಿಲನ್ನು ಒಳಗಿನಿಂದ ಯಾರಾದರೂ ಮತ್ತೆ ತೆರೆಯುವ ಚಿತ್ರ ನನಗೆ ಬೇಕಾಗಿದೆ. ಹನ್ನೆರಡು ಚಿತ್ರಗಳನ್ನು ನೋಡಿ ಪಕ್ಕಕ್ಕಿಟ್ಟಿದ್ದೇನೆ, ಸದಸ್ಯರು ದಿನಾಂಕ ಕೇಳುತ್ತಿದ್ದಾರೆ, ಮೂರನೆಯದು ಸಿಗುವವರೆಗೆ ಸರಣಿಯನ್ನು ಪ್ರಕಟಿಸುವುದಿಲ್ಲ ಎಂದು ತಿಳಿಸಿದ್ದೇನೆ.